ಪುಸ್ತಕದಲ್ಲಿ ನಲವತ್ತನಾಲ್ಕು

“ನಿಮ್ಮ ಟೇಪು ಸರಿಯಿಲ್ಲ ಸಿಸ್ಟರ್,” ಎಂದಳು ಮಾಸ್ಟರಮ್ಮ.

ಆಸ್ಪತ್ರೆಯ ಸಿಸ್ಟರ್ ಅವಳ ಸೊಂಟಕ್ಕೆ ಟೇಪು ಹಾಯಿಸಿ, ತುದಿಗೆ ತುದಿ ಸೇರಿಸಲು ತಾನೇ ಒಂದು ಸುತ್ತು ಬಂದು, ಆಗಷ್ಟೇ ನೆಟ್ಟಗೆ ನಿಂತಿದ್ದಳು. ಕಾರ್ಡಿನಲ್ಲಿ ನೂರಾ ಮೂವತ್ತೈದು ಎಂದು ಬರೆದಾಗಿತ್ತು. ಸೆಂಟಿಮೀಟರನ್ನು ಇಂಚಿಗೆ ಇಳಿಸಲು ಮಾಸ್ಟರಮ್ಮನಿಗೆ ಕಾಗದ ಪೆನ್ಸಿಲ್ ಬೇಡ. ಇಪ್ಪತ್ತಾರು ವರ್ಷದಿಂದ ಬಟ್ಟೆ ಕತ್ತರಿಸಿಯೇ ಹೊಟ್ಟೆ ಹೊರೆದವಳು. ಐವತ್ತಮೂರು. ತನ್ನ ಸೊಂಟ ನಲವತ್ತನಾಲ್ಕು. ಒಂಬತ್ತು ಇಂಚು ಎಂದರೆ ತಮಾಷೆಯೇ? ಒಂಬತ್ತು ಇಂಚಿನಲ್ಲಿ ಅಂಗಿಗೆ ಒಂದು ತೋಳು ಬರುತ್ತದೆ.

“ಯಾರೋ ಇದನ್ನ ಬಿಸಿನೀರಿಗೆ ಅದ್ದಿದಾರೆ. ಕುಗ್ಗಿ ಹೋಗಿದೆ,” ಎನ್ನುತ್ತ ಅವಳು ಚೀಲದಿಂದ ತನ್ನ ಟೇಪು ತೆಗೆದಳು. “ನಾನು ಕಟಿಂಗ್ ಮಾಸ್ಟರು. ನನ್ನ ಅಳತೆ ನನಗೆ ಗೊತ್ತಿಲ್ವಾ?”

ಸಿಸ್ಟರ್ ಪಾಪ, ಜಗಳಕ್ಕೆ ನಿಲ್ಲಲಿಲ್ಲ. ಎರಡೂ ಟೇಪುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು. ಗೆರೆಗೆ ಗೆರೆ ಕೂತಿತು. ಮಾಸ್ಟರಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು, ತುದಿಯ ತಗಡನ್ನು ಉಗುರಿನಿಂದ ಕೆರೆದಳು. ಅಂಗಿ ಬಿಗಿಯಾಯಿತು ಎಂದು ಹೊಲಿದವರನ್ನೇ ಬೈಯುವ ಗಿರಾಕಿಗಳನ್ನು ಕಂಡು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರ ಬೆನ್ನ ಹಿಂದೆ ನಕ್ಕವಳು ಇವಳೇ.

“ಇನ್ನೊಂದ್ಸಲ ಅಳೀರಿ. ನನ್ನ ಟೇಪಲ್ಲೇ.”

ಈ ಸಲ ಐವತ್ತಮೂರೂ ಕಾಲು ಬಂತು.

ಹೊಲಿಗೆಯವರು ತಮ್ಮ ಅಳತೆ ತಾವು ತೆಗೆದುಕೊಳ್ಳುವುದಿಲ್ಲ. ಕೈ ಎತ್ತಿದರೆ ಎದೆಯ ಅಳತೆ ತಪ್ಪುತ್ತದೆ, ತಲೆ ಬಗ್ಗಿಸಿದರೆ ಸೊಂಟದ್ದು. ಅವಳ ಕಾರ್ಖಾನೆಯಲ್ಲಿ ಒಬ್ಬರ ಅಳತೆ ಇನ್ನೊಬ್ಬರು ತೆಗೆದು ಪುಸ್ತಕದಲ್ಲಿ ಬರೆಯುವುದು ಕಟ್ಟಳೆ. ಮಾಸ್ಟರಮ್ಮನ ಅಳತೆ ಹಿಡಿದು, ವರ್ಷಕ್ಕೆ ನಾಲ್ಕು ಜೊತೆ ಬಟ್ಟೆ ಕತ್ತರಿಸಿ ಹೊಲಿದುಕೊಡುವವಳು ಗುಬ್ಬಿ. ಹೊಲಿಗೆ ಯಂತ್ರದ ಹಿಂದೆ ಕೂತರೆ ಹಣೆಯಷ್ಟೇ ಕಾಣುವ ಪುಟ್ಟ ಹೆಂಗಸು. ಹದಿನೆಂಟು ವರ್ಷದ ಗೆಳತಿ. ಆರು ವರ್ಷದಿಂದ ಪುಸ್ತಕದಲ್ಲಿ ನಲವತ್ತನಾಲ್ಕೇ ಇತ್ತು. ಹೊಸ ಬಟ್ಟೆ ಪ್ರತಿ ಸಲವೂ ಹೇಳಿ ಮಾಡಿಸಿದ ಹಾಗೆ ಮೈಗೆ ಕೂರುತ್ತಿತ್ತು. ತೂಕದ ಯಂತ್ರ ಏನಾದರೂ ಹೇಳಿದರೆ ಮಾಸ್ಟರಮ್ಮನ ಹತ್ತಿರ ಉತ್ತರ ಇತ್ತು: ಎತ್ತರದ ಹೆಂಗಸು, ಎಲುಬು ದಪ್ಪ. ಟೇಪಿಗೆ ಕೊಡುವ ಉತ್ತರ ಅವಳಲ್ಲಿ ಇರಲಿಲ್ಲ.

ಒಳಗೆ ಡಾಕ್ಟರು ಕಾಗದದ ಮೇಲೆ ಜಠರದ ಚಿತ್ರ ಬರೆದು ಉದ್ದಕ್ಕೆ ಒಂದು ಗೆರೆ ಎಳೆದರು. “ಇದಿಷ್ಟು ತೆಗೀತೀವಿ. ಉಳಿಯೋದು ಒಂದು ಬಾಳೆಹಣ್ಣಿನಷ್ಟು.”

“ಮಾರ್ಜಿನ್ ಎಷ್ಟು ಬಿಡ್ತೀರಿ? ಬೇಕಾದ್ರೆ ಬಿಚ್ಚಿ ದೊಡ್ಡದು ಮಾಡೋಕೆ?”

“ಬಿಚ್ಚೋ ಮಾತೇ ಇಲ್ಲಮ್ಮ. ಕತ್ತರಿಸಿದ್ರೆ ಕತ್ತರಿಸಿದ ಹಾಗೆ.”

ಆಮೇಲೆ ಅವರು ಏನೇನು ಕೆಡಬಹುದು ಎಂಬುದನ್ನೂ ಹೇಳಿದರು. ಹೊಲಿಗೆ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ಬದುಕಿರುವಷ್ಟು ದಿನ ಮಾತ್ರೆ, ಊಟ ಎಂದರೆ ಅರ್ಧ ಬಟ್ಟಲು. ಸಾವಿರಕ್ಕೆ ಒಬ್ಬರೋ ಇಬ್ಬರೋ ಏಳುವುದೇ ಇಲ್ಲ. ಸುತ್ತಿ ಬಳಸಿ ಹೇಳಲಿಲ್ಲ, ಬೆನ್ನು ತಟ್ಟಲೂ ಇಲ್ಲ. ಮಾಸ್ಟರಮ್ಮನಿಗೆ ಆ ಡಾಕ್ಟರು ಹಿಡಿಸಿಬಿಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳುವವರನ್ನು ಕಂಡು ಅವಳಿಗೆ ಎಷ್ಟೋ ಕಾಲವಾಗಿತ್ತು.

ಅವಳು ಈ ತೂಕ ಇಳಿಸುವ ಆಪರೇಷನ್ನಿಗೆ ಹೊರಟದ್ದು ಚೆಂದಕ್ಕಲ್ಲ. ಕನ್ನಡಿಯ ಮುಂದೆ ಅವಳಿಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಮೇಜಿನ ಜೊತೆ. ಕಾರ್ಖಾನೆಯ ಕಟಿಂಗ್ ಮೇಜು ಐದು ಅಡಿ ಅಗಲ. ಹೋಟೆಲುಗಳ ಪರದೆ, ಸಮವಸ್ತ್ರ, ನಾಟಕದವರ ಗೌನು ಎಲ್ಲ ಅದರ ಮೇಲೆಯೇ. ಎರಡು ವರ್ಷದಿಂದ ಬಗ್ಗಿದರೆ ಹೊಟ್ಟೆ ಅಂಚಿಗೆ ತಾಗಿ ಅವಳ ಕೈ ಮೇಜಿನ ನಡುವಿಗೂ ಹೋಗುತ್ತಿರಲಿಲ್ಲ. ಸುತ್ತಿ ಬರೋಣವೆಂದರೆ ಮಂಡಿ ಕಿರುಗುಟ್ಟುತ್ತಿತ್ತು. ಅದಕ್ಕೇ ಅವಳು ಬಟ್ಟೆಯನ್ನೇ ತಿರುಗಿಸಿಕೊಂಡು ಕತ್ತರಿಸುವುದನ್ನು ಕಲಿತಳು.

ಹತ್ತಿ ಬಟ್ಟೆ ಹಾಗೆ ತಿರುಗಿಸಿದರೆ ಸಹಿಸುತ್ತದೆ, ಮಖಮಲ್ಲು ಸಹಿಸುವುದಿಲ್ಲ. ಅದರ ನವಿರಿಗೆ ಒಂದು ದಿಕ್ಕಿದೆ. ಎಲ್ಲ ತುಂಡೂ ಒಂದೇ ದಿಕ್ಕಿಗೆ ಕತ್ತರಿಸದಿದ್ದರೆ ತೂಗುಹಾಕಿದಾಗ ಬಣ್ಣ ಬೇರೆಬೇರೆ ಕಾಣುತ್ತದೆ. ಕೆಲಸಕ್ಕೆ ಸೇರಿದವರಿಗೆ ಮೊದಲ ವಾರವೇ ಕಲಿಸುವ ಪಾಠ, ಕಲಿಸುತ್ತಿದ್ದವಳು ಮಾಸ್ಟರಮ್ಮನೇ. ಎರಡು ತಿಂಗಳ ಹಿಂದೆ ಒಂದು ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಹಸಿರು ಮಖಮಲ್ಲಿನ ಪರದೆ ಏರಿಸಿದರು. ಎಡಗಡೆಯದು ಹಸಿರು, ಬಲಗಡೆಯದು ಹೆಚ್ಚುಕಡಿಮೆ ಕಪ್ಪು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಸುಸ್ತಾಗಿದೀರಿ ಮಾಸ್ಟರಮ್ಮ, ಮುಂದಿನ ತಿಂಗಳಿಂದ ಕೂತು ಮಾಡೋ ಕೆಲಸ ನೋಡ್ಕೊಳ್ಳಿ” ಎಂದರು. ಕೂತು ಮಾಡುವ ಕೆಲಸವೆಂದರೆ ಸಿದ್ಧ ಬಟ್ಟೆಯಲ್ಲಿ ಉಳಿದ ದಾರ ಕತ್ತರಿಸುವುದು. ಈಗ ಒಂದು ತಿಂಗಳಿಂದ ಅವಳ ಕೆಲಸ ಅದೇ.

ಅವಳು ಆಪರೇಷನ್ನಿನ ಮಾತೆತ್ತಿ ಹತ್ತು ದಿನವಾಗಿತ್ತು, ಅಂದಿನಿಂದ ಕಾರ್ಖಾನೆಯಲ್ಲಿ ಎಲ್ಲರೂ ಅವಳ ಹೊಟ್ಟೆಯ ಪರ ವಕೀಲರಾಗಿದ್ದರು. ಗುಂಡಿ ರಂಧ್ರ ಹೊಲಿಯುವವಳಿಗೆ ಕಾಜಾ ಎಂದೇ ಹೆಸರು. ಅವಳು “ಕೂದಲೆಲ್ಲ ಉದುರುತ್ತಂತೆ ಮಾಸ್ಟರಮ್ಮ, ಮುಖ ಒಣಗಿದ ಹಣ್ಣಿನ ಥರ ಆಗುತ್ತಂತೆ” ಎಂದಳು. ಇಸ್ತ್ರಿ ಮಾಮ ತನ್ನ ಹೊಟ್ಟೆಯನ್ನು ಹಲಗೆಯ ಮೇಲೆ ಆರಾಮವಾಗಿ ಊರಿಕೊಂಡು, “ಬಾಯಿ ಕಟ್ಟು, ದಿನಾ ಒಂದು ಗಂಟೆ ನಡಿ. ಚೆನ್ನಾಗಿರೋ ಹೊಟ್ಟೇನ ಯಾರಾದ್ರೂ ಕೊಯ್ಸಿಕೊಳ್ತಾರಾ? ಇರಲಾರದೆ ಇರುವೆ ಬಿಟ್ಕೊಂಡ ಹಾಗೆ” ಎಂದ. ಬಾಯಿ ಕಟ್ಟಿ, ನಡೆದು, ಇಳಿದು, ಇಳಿದದ್ದಕ್ಕೆ ಬಡ್ಡಿ ಸೇರಿಸಿ ಏರಿದ ನಾಲ್ಕು ಸಲದ ಕಥೆ ಮಾಮನಿಗೂ ಗೊತ್ತಿತ್ತು. ಗುಬ್ಬಿ ಮಾತ್ರ ಕಾರಣ ಗೀರಣ ಹೇಳಲಿಲ್ಲ. ದಿನಕ್ಕೊಂದು ಸಲ “ಬೇಡ” ಎನ್ನುತ್ತಿದ್ದಳು, ಅಷ್ಟೇ.

ಅಂದು ಮಧ್ಯಾಹ್ನ ಮಾಸ್ಟರಮ್ಮ ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಬಂದಳು. ಚಪ್ಪಲಿ ಬಿಚ್ಚಿದ್ದೇ ಮೊಳೆಗೆ ತೂಗುಹಾಕಿದ್ದ ಅಳತೆ ಪುಸ್ತಕ ತೆಗೆದು, ತನ್ನ ಹಾಳೆ ಬಿಡಿಸಿ, ಗುಬ್ಬಿಯ ಯಂತ್ರದ ಮೇಲೆ ಇಟ್ಟಳು.

“ಇದು ಯಾರ ಸೊಂಟ?”

ಗುಬ್ಬಿ ಯಂತ್ರ ನಿಲ್ಲಿಸಿದಳು. “ನಿಂದು.”

“ಟೇಪು ತಗೋ. ಅಳಿ.”

“ಎಲ್ಲರ ಮುಂದೆನಾ?”

“ಎಲ್ಲರ ಮುಂದೇನೇ.”

ಕಾಜಾಳ ಸೂಜಿ ಅರ್ಧಕ್ಕೆ ನಿಂತಿತು. ಇಸ್ತ್ರಿ ಮಾಮ ಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟ. ಗುಬ್ಬಿ ಟೇಪನ್ನು ಕೈಗೆ ತೆಗೆದುಕೊಂಡಳು, ಆದರೆ ಏಳಲಿಲ್ಲ.

“ಐವತ್ತಮೂರು,” ಎಂದಳು, ಅಳೆಯದೆಯೇ. “ಹೋದ ವರ್ಷ ಐವತ್ತೊಂದೂವರೆ. ಅದರ ಹಿಂದಿನ ವರ್ಷ ಐವತ್ತು.”

“ಮತ್ತೆ ಇಲ್ಲಿ ಬರೆದಿರೋದು?”

“ಆರು ವರ್ಷದ ಹಿಂದೆ ನಲವತ್ತಾರು ಅಂದಿದ್ದೆ. ನೆನಪಿದ್ಯಾ? ಎರಡು ದಿನ ನೀನು ಏನೂ ತಿನ್ನಲಿಲ್ಲ. ಮೂರನೇ ದಿನ ಕತ್ತರಿ ಕೈಲಿ ಹಿಡಿದೇ ಇಲ್ಲಿ ಬಿದ್ದೆ. ಕತ್ತರಿ ಕಣ್ಣಿಗೆ ಹೋಗ್ಬೇಕಿತ್ತು, ಸ್ವಲ್ಪದರಲ್ಲಿ ತಪ್ತು. ಆವತ್ತೇ ಅಂದುಕೊಂಡೆ, ಈ ಪುಸ್ತಕದಲ್ಲಿ ಇನ್ನು ನಲವತ್ತನಾಲ್ಕೇ ಅಂತ. ಬಟ್ಟೆ ಮಾತ್ರ ಮೈಗೆ ಸರಿಯಾಗಿ ಕತ್ತರಿಸ್ತಿದ್ದೆ.”

“ಅಷ್ಟು ಪ್ರೀತಿ.”

“ಹೌದು, ಅಷ್ಟು ಪ್ರೀತಿ. ಏನೀಗ?”

ಏನೂ ಇಲ್ಲ. ಮಾಸ್ಟರಮ್ಮ ಪುಸ್ತಕದ ಆ ಹಾಳೆಯನ್ನೇ ಮತ್ತೆ ನೋಡಿದಳು. ಒಂದು ದಿನ, ಒಂದೇ ಒಂದು ದಿನ, ತನ್ನ ಅಂಗಿಯನ್ನು ಮೇಜಿನ ಮೇಲೆ ಹಾಸಿ ಟೇಪಿಟ್ಟಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ಊರಿನವರ ಬಟ್ಟೆಯಲ್ಲಿ ಕಾಲು ಇಂಚಿನ ತಪ್ಪು ಹಿಡಿಯುವವಳು ತನ್ನ ಬಟ್ಟೆಗೆ ಆರು ವರ್ಷ ಟೇಪು ತಾಗಿಸಿರಲಿಲ್ಲ. ಸುಳ್ಳು ಬರೆದವಳು ಗುಬ್ಬಿ. ಓದಿ ಸುಖಪಟ್ಟವಳು ಇವಳು. ಇದು ಹೊಳೆದು ಅವಳ ಸಿಟ್ಟು ಕಡಿಮೆಯಾಗಲಿಲ್ಲ, ಇನ್ನಷ್ಟು ಏರಿತು.

“ಮಖಮಲ್ಲು ಉಲ್ಟಾ ಕತ್ತರಿಸಿದಾಗ ಏನಂದ್ರಿ ನೀವೆಲ್ಲ? ಬಟ್ಟೇನೇ ಸರಿ ಇಲ್ಲ ಅಂದ್ರಿ. ದೀಪದ ದೋಷ ಅಂದ್ರಿ. ಒಬ್ಬರಾದ್ರೂ, ನಿನ್ನ ಕೈ ಎಟುಕ್ತಾ ಇಲ್ಲ ಕಣೇ ಅಂತ ಅಂದ್ರಾ?”

ಇಸ್ತ್ರಿ ಮಾಮ ಬದಿಗಿಟ್ಟ ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡ.

“ನಿಮಗೆ ನಾನು ಇದ್ದ ಹಾಗೇ ಇರಬೇಕು. ನಗ್ತಾ ಇರಬೇಕು, ಮೂಲೇಲಿ ಕೂತು ದಾರ ಕತ್ತರಿಸ್ತಾ ಇರಬೇಕು. ನನಗೆ ನನ್ನ ಮೇಜು ಬೇಕು. ಈ ಅಂಚಿಂದ ಆ ಅಂಚಿಗೆ ಕೈ ಚಾಚಬೇಕು. ಮಾಡಿಸ್ಕೋತೀನಿ. ಕೇಳ್ತಾ ಇಲ್ಲ, ಹೇಳ್ತಾ ಇದ್ದೀನಿ.”

“ನಮ್ಮಮ್ಮನೂ ಹೀಗೇ ಹೇಳಿದ್ದಳು,” ಎಂದಳು ಗುಬ್ಬಿ. “ಪಿತ್ತಕೋಶದ ಕಲ್ಲು, ಒಂದು ಗಂಟೆ ಕೆಲಸ ಅಂದ್ರು. ಸಂಜೆಗೆ ಬಿಸಿನೀರು ಕಾಯಿಸಿಡು ಅಂತ ಹೇಳಿ ಒಳಗೆ ಹೋದಳು.” ಅವಳು ಟೇಪನ್ನು ಬೆರಳಿಗೆ ಸುತ್ತಿದಳು. ಆಮೇಲೆ ಅಂದದ್ದು ಅವಳಿಗೇ ನಾಚಿಕೆಯಾಗುವಂಥ ಮಾತು. “ನೀನು ಹೋದ್ರೆ ನಾನು ಯಾರ ಜೊತೆ ಊಟಕ್ಕೆ ಕೂರಲಿ?”

ಈ ಪುಟ್ಟ ಹೆಂಗಸನ್ನು ಮಾಸ್ಟರಮ್ಮ ಒಡಹುಟ್ಟಿದವರಿಗಿಂತ ಹೆಚ್ಚು ಹಚ್ಚಿಕೊಂಡಿದ್ದಳು. ಹಾಗೆಂದು ಸೋಲಲು ತಯಾರಿರಲಿಲ್ಲ.

“ಅರ್ಧ ಬಟ್ಟಲು ಹಿಡ್ಕೊಂಡು ನಾನೇ ಕೂರ್ತೀನಿ,” ಎಂದಳು. ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ನಲವತ್ತನಾಲ್ಕಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಐವತ್ತಮೂರೂ ಕಾಲು ಎಂದು ದಪ್ಪಕ್ಷರದಲ್ಲಿ ಬರೆದಳು. ಕಾಲನ್ನೂ ಬಿಡಲಿಲ್ಲ.

ಅಂದಿನಿಂದ ಗುಬ್ಬಿ ಮಾತು ಬಿಟ್ಟಳು. ಊಟದ ಹೊತ್ತಿಗೆ ಡಬ್ಬಿ ಎತ್ತಿಕೊಂಡು ಯಂತ್ರದ ಹಿಂದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಕಾಜಾ ಇಬ್ಬರ ನಡುವೆ ಓಡಾಡಿ, “ಮಾಸ್ಟರಮ್ಮ, ಅವಳು ಅಳ್ತಿದಾಳೆ, ಒಂದು ವರ್ಷ ಮುಂದಕ್ಕೆ ಹಾಕಿ” ಎಂದು ಗೋಗರೆದಳು. “ಹಾಕಲ್ಲ” ಎಂದಳು ಮಾಸ್ಟರಮ್ಮ. ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ದ್ರವಾಹಾರ. ಹಸಿವಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಜಮಾನರ ಮುಂದೆ ನಿಂತು, “ಸದ್ಯಕ್ಕೆ ಮೇಜನ್ನ ಯಾರಿಗೆ ಬೇಕಾದ್ರೂ ಕೊಡಿ, ಪೂರ್ತಿ ಕೊಟ್ಟುಬಿಡ್ಬೇಡಿ. ಆರು ತಿಂಗಳಿಗೆ ಬಂದು ಕೇಳ್ತೀನಿ” ಎಂದಳು. ಅವರು “ನೋಡೋಣ” ಎಂದರು. ಮನೆಯಲ್ಲಿ ಗಂಡ ರಾತ್ರಿಯ ಪಾತ್ರೆ ತೊಳೆಯುತ್ತ, “ನಿನ್ನ ಮೈ, ನಿನ್ನಿಷ್ಟ. ನನಗೆ ಭಯ ಆಗ್ತಿದೆ, ಅಷ್ಟೇ” ಎಂದ. ಅಷ್ಟೂ ದಿನಗಳಲ್ಲಿ ಅವಳು ಕೇಳಿದ ಅತಿ ಒಳ್ಳೆಯ ಮಾತು ಅದೇ.

ಆಪರೇಷನ್ನಿನ ದಿನ ಬೆಳಿಗ್ಗೆ ಗಂಡ ಕಾಗದಪತ್ರ ಕೊಡಲು ಕೆಳಗೆ ಹೋಗಿದ್ದ. ಆಸ್ಪತ್ರೆಯ ಹಸಿರು ಗೌನು ಹಾಕಿಕೊಂಡು ಮಾಸ್ಟರಮ್ಮ ಕಾರಿಡಾರಿಗೆ ಬಂದರೆ ಬೆಂಚಿನ ಮೇಲೆ ಗುಬ್ಬಿ ಕೂತಿದ್ದಳು. ಕಣ್ಣು ಊದಿತ್ತು. ಎಷ್ಟು ಹೊತ್ತಿನಿಂದ ಕೂತಿದ್ದಳೋ.

“ಈಗಲೂ ನನಗೆ ಒಪ್ಪಿಗೆ ಇಲ್ಲ,” ಎಂದಳು, ನೆಲ ನೋಡುತ್ತ.

“ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕಿದೀನಿ. ನಿಂದು ಕೇಳಿಲ್ಲ.”

“ಹಠಮಾರಿ.”

“ಹೌದು.”

ಗುಬ್ಬಿ ಎದ್ದು ಪಕ್ಕದಲ್ಲಿ ನಡೆದಳು. ಕಾರಿಡಾರಿನ ಕೊನೆಯಲ್ಲಿ ನೆಲಕ್ಕೆ ಬಳಿದ ಕೆಂಪು ಗೆರೆಯ ಹತ್ತಿರ ಸಿಸ್ಟರ್ ಕೈ ಅಡ್ಡ ಹಿಡಿದಳು. ಗುಬ್ಬಿ ನಿಂತಳು. ಮಾಸ್ಟರಮ್ಮ ತಿರುಗಿ ನೋಡದೆ ಒಳಗೆ ಹೋದಳು. ತಿರುಗಿದ್ದರೆ ಕಾಲು ಹಿಂದಕ್ಕೆ ಬರುತ್ತಿತ್ತೇನೋ ಎಂಬ ಅಂಜಿಕೆ ಅವಳಿಗೂ ಇತ್ತು. ಜೋಡಿ ಬಾಗಿಲು ಹಿಂದೆ ಮುಚ್ಚಿಕೊಂಡಿತು.

ಒಳಗೆ ಚಳಿ. ನೀಲಿ ಟೊಪ್ಪಿಗೆಯ ವಾರ್ಡ್‌ಬಾಯ್ ಅವಳನ್ನು ಮೇಲಿಂದ ಕೆಳಗೆ ನೋಡಿ ಪಕ್ಕದ ಕೋಣೆಗೆ ಕೇಳುವಂತೆ ಕೂಗಿದ. “ಇನ್ನೂ ಮೂರು ಜನ ಬನ್ರಪ್ಪ, ಮೇಜಿನ ಮೇಲೆ ಎತ್ತಬೇಕು!”

“ಯಾರೂ ಎತ್ತಬೇಕಾಗಿಲ್ಲ. ಮೆಟ್ಟಿಲು ಕೊಡಿ,” ಎಂದಳು ಮಾಸ್ಟರಮ್ಮ.

ಎರಡು ಮೆಟ್ಟಿಲಿನ ಕಬ್ಬಿಣದ ಪೀಠ ತಂದಿಟ್ಟರು. ಮೊದಲನೆಯದಕ್ಕೆ ಹತ್ತಿ ಅವಳು ಉಸಿರು ಹಿಡಿದುಕೊಂಡಳು. ಮಂಡಿ ಉರಿಯಿತು. ಬಂದ ಮೂವರೂ ಕೈ ಕಟ್ಟಿಕೊಂಡು ಕಾದರು. ಎರಡನೆಯದನ್ನೂ ಹತ್ತಿ, ತಿರುಗಿ, ಅವಳು ಮೇಜಿನ ಮೇಲೆ ಕೂತಳು. ಈಗ ಬಾಗಿಲು ಎದುರಿಗಿತ್ತು. ಅದರ ಎತ್ತರದಲ್ಲೊಂದು ದುಂಡನೆಯ ಗಾಜು.

ಗಾಜಿನಲ್ಲಿ ಒಂದು ತುರುಬು ಕಂಡಿತು, ಆಮೇಲೆ ಹಣೆ, ಮಾಯವಾಯಿತು. ಮತ್ತೆ ತುರುಬು, ಹಣೆ, ಈ ಸಲ ಎರಡು ಕಣ್ಣು. ಗಾಜಿಗೆ ಎಟುಕದೆ ಗುಬ್ಬಿ ಹೊರಗೆ ಹಾರಿ ಹಾರಿ ನೋಡುತ್ತಿದ್ದಳು, ನಲವತ್ತೆಂಟು ವರ್ಷದ ಹೆಂಗಸು.

“ಮಲಗಿ ಅಮ್ಮ,” ಎಂದಳು ಸಿಸ್ಟರ್.

“ಒಂದು ನಿಮಿಷ.”

ಮಾಸ್ಟರಮ್ಮ ಬೆನ್ನು ನೆಟ್ಟಗೆ ಮಾಡಿ, ಗೌನನ್ನು ಮಂಡಿಯ ಮೇಲೆ ಎಳೆದುಕೊಂಡು, ಗಾಜನ್ನೇ ನೋಡುತ್ತ ಕೂತಳು. ತುರುಬು ಮತ್ತೆ ಮೇಲೆ ಬಂತು, ಕಣ್ಣು ಕಂಡವು. ಅವಳು ಕೈ ಎತ್ತಿದಳು. ಆಮೇಲೆ ಮಲಗಿದಳು.