ಖೂನಿ ಮಾಡಿದ ಸಾಹೇಬನ ಪಾರ್ಟು

"ಇನ್ನೊಂದು ಕೈ ಬಳಿ. ಇನ್ನಾ ಕರ್ರಗ ಕಾಣ್ತೀನಿ," ಎಂದು ಮಲ್ಲೇಶ್ ಕನ್ನಡಿಯ ಮುಂದೆ ಗದ್ದ ಎತ್ತಿ ಕೂತ.

ಬಣ್ಣ ಹಚ್ಚುವವನು ಮತ್ತೊಮ್ಮೆ ಬಿಳಿ ಬಳಿದ. ಆದರೆ ಮಲ್ಲೇಶನ ಅದಿರು ಲಾರಿಗಳು ದಿನಾ ಸಂಡೂರಿಗೆ ಹೋಗಿ ಬರುವಂಥವು, ಅವನೂ ಅವುಗಳ ಹಿಂದೆಯೇ ತಿರುಗುವಂಥವನು. ಕಿವಿಯ ಸಂದಿ, ಕತ್ತಿನ ಮಡಿಕೆ, ಹುಬ್ಬಿನ ಬುಡ, ಎಲ್ಲೆಲ್ಲಿ ಕೆಂಪು ಧೂಳು ಕೂತಿತ್ತೋ ಅಲ್ಲೆಲ್ಲ ಬಿಳಿ ಬಣ್ಣ ಗುಲಾಬಿಯಾಗಿ ಹೊರಟಿತು. ಪಕ್ಕದಲ್ಲಿ ಕ್ಯಾಪ್ಟನ್ ಟೋಪಿ ಹಾಕಿಕೊಂಡು ಕೂತಿದ್ದ ಇಂಜಿನಿಯರ್ ಭಾರ್ಗವನ ಮುಖವೂ ಹಾಗೇ ಆಗಿತ್ತು.

"ಸಾಕು ಬಿಡ್ರಿ ಮಲ್ಲೇಶ್, ಖರೇ ಇಂಗ್ಲಿಷರು ಹಿಂಗ ಇರ್ತಿದ್ರಂತ. ಬಿಸಿಲಿಗೆ ಸುಟ್ಟು ಕೆಂಪಗಾಗಿರ್ತಿದ್ರು ಅಂತ ನಮ್ಮ ಕಾಕಾ ಹೇಳ್ಯಾರ," ಎಂದ ಸುಮಧ್ವ. ಅವನು ಕಾಲುವೆ ಆಫೀಸಿನ ಗುಮಾಸ್ತ. ನಾಟಕ ಬರೆದವನೂ ಅವನೇ, ಆಡಿಸುವವನೂ ಅವನೇ, ಇವತ್ತು ಪರದೆಯ ಹಗ್ಗ ಹಿಡಿಯುವವನೂ ಅವನೇ.

ನಮ್ಮ ಕಡೆ ನಾಟಕ ಅಂದರೆ ಬೆಳತನಕ ನಡೆಯಬೇಕು. ಆದರೆ ಗಣಿ ಭರಾಟೆಯ ಆ ವರ್ಷಗಳಲ್ಲಿ ಕತ್ತಲಾಯಿತೆಂದರೆ ರಸ್ತೆ ಪೂರಾ ಅದಿರು ಲಾರಿಗಳದ್ದು. ಕಂಪ್ಲಿ, ಮೆಟ್ರಿ ಕಡೆಯವರು ಬಂದರೆ ಮನೆ ಮುಟ್ಟುವುದು ದೇವರಿಗೇ ಗೊತ್ತು. ಅದಕ್ಕೇ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನವೇ ಆಟ ಇಟ್ಟಿದ್ದರು. ಊಟ ಮಾಡಿ ನಿದ್ದೆ ಬಿಟ್ಟು ಬಂದ ಜನ ಈಗಾಗಲೇ ಕುರ್ಚಿಗಾಗಿ ಕಿತ್ತಾಡುತ್ತಿದ್ದರು.

ಸುಮಧ್ವನಿಗೆ ಬಣ್ಣದ ಚಿಂತೆ ಇರಲಿಲ್ಲ. ಅವನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಕೊನೆಯ ದೃಶ್ಯಕ್ಕೆ. ಅದೊಂದಕ್ಕಾಗಿಯೇ ಅವನು ಈ ನಾಟಕ ಬರೆದದ್ದು, ಮತ್ತು ಅದೊಂದನ್ನು ನೋಡುವುದಕ್ಕಾಗಿಯೇ ಶೀನಪ್ಪ ಕಾಕಾ ಮುಂದಿನ ಸಾಲಿನಲ್ಲಿ ಕೋಲು ಊರಿ ಕೂತಿದ್ದರು.

ಈ ಶೀನಪ್ಪ ಕಾಕಾ ಸಣ್ಣ ವಯಸ್ಸಿನಲ್ಲಿ ಮನೆಯಲ್ಲಿ ಹೇಳದೆ ಕೇಳದೆ ಮುಂಬೈಗೆ ಓಡಿಹೋದವರು. ಎರಡನೇ ಮಹಾಯುದ್ಧದ ಕಾಲ. ನೌಕಾಪಡೆಯವರು ಹಿಡಿದುಕೊಂಡು ಒಂದು ಹಡಗಿಗೆ ಹಾಕಿದರು, ನಿಸ್ತಂತು ಸಂದೇಶ ಕುಟ್ಟುವ ಕೆಲಸಕ್ಕೆ. ಆ ಹಡಗಿನಲ್ಲಿ ಮೇಲಿನ ಅಟ್ಟ ಬಿಳಿಯರಿಗೆ, ಕೆಳಗಿನ ಅಟ್ಟ ಕರಿಯರಿಗೆ. ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಕೆಳಗೆ ಬಾಯ್ಲರಿನ ಝಳ ಮತ್ತು ಹುಳ ಆರಿಸದ ಬೇಳೆ. ಏಣಿ ಹತ್ತಿ ಮೇಲೆ ಹೋಗಲು ಅಪ್ಪಣೆ ಇದ್ದದ್ದು ಚಹಾ ಒಯ್ಯುವ ಅಡಿಗೆಯವನೊಬ್ಬನಿಗೆ. ಅವನು ರತ್ನಾಗಿರಿಯ ಬಾಳು. ಮಡಿ ಮನೆಯಿಂದ ಬಂದ ಹುಡುಗ ಅಂತ ಶೀನಪ್ಪನಿಗೆ ಮೊಟ್ಟೆಯ ಸೌಟು ತಾಗಿಸದೆ ಬೇರೆ ಪಾತ್ರೆಯಲ್ಲಿ ಸಾರು ಕುದಿಸಿಡುತ್ತಿದ್ದ ಪುಣ್ಯಾತ್ಮ. ಒಂದು ಬೆಳಿಗ್ಗೆ ಮೇಲಿನ ಅಟ್ಟದಲ್ಲಿ ಉಗ್ರಾಣದ ಸಾಹೇಬ ಚೂರಿ ತಿಂದು ಬಿದ್ದಿದ್ದ. ಮೇಲೆ ಹೋಗಿಬಂದ ಕರಿಯನೆಂದರೆ ಬಾಳು ಒಬ್ಬನೇ, ಇನ್ನೇನು ಬೇಕು. ಕೊಲಂಬೊ ಬಂದರಿನಲ್ಲಿ ಕೈಗೆ ಬೇಡಿ ಹಾಕಿ ಇಳಿಸಿಕೊಂಡು ಹೋದರು. ಆಮೇಲೆ ಅವನು ಗಲ್ಲಿಗೆ ಹೋದನೋ ಜೈಲಿಗೆ ಹೋದನೋ ಕಾಕಾಗೆ ಇವತ್ತಿಗೂ ಗೊತ್ತಿಲ್ಲ.

"ನಾಟಕ ಬರಿ, ಬ್ಯಾಡ ಅನ್ನೂದಿಲ್ಲ," ಎಂದಿದ್ದರು ಕಾಕಾ. "ಆದರ ಕಡೀಗೆ ಅವನ್ನ ಬಿಡಿಸಿ ಜನರ ಕಣ್ಣೊರಸಬ್ಯಾಡ. ಅವನ್ನ ಕರಕೊಂಡು ಹೋದ್ರು. ನಾ ಕಣ್ಣಾರೆ ನೋಡೀನಿ. ಸುಳ್ಳು ತೋರಿಸಿದಿ ಅಂದ್ರ ಅಲ್ಲಿಂದ ಅಲ್ಲೇ ಎದ್ದು ಹೋಗ್ತೀನಿ ನೋಡು."

ಸುಮಧ್ವ ಮಾತು ಕೊಟ್ಟ. ಸಾಹೇಬನನ್ನು ಕೊಂದವರು ಯಾರು ಅನ್ನುವುದು ಕಾಕಾಗೂ ಗೊತ್ತಿರಲಿಲ್ಲವಲ್ಲ, ಅದೊಂದನ್ನು ಮಾತ್ರ ತಾನು ಹುಟ್ಟಿಸಿದ. ಎರಡನೇ ದರ್ಜೆಯ ಬಿಳಿ ಅಧಿಕಾರಿ ಹಡಗಿನ ಹಿಟ್ಟು ತುಪ್ಪ ಬಂದರಿನಲ್ಲಿ ಕದ್ದು ಮಾರುತ್ತಿದ್ದ, ಉಗ್ರಾಣದವನಿಗೆ ಸಿಕ್ಕಿಬಿದ್ದ, ಅದಕ್ಕೇ ಕೊಂದ. ಬಾಳುವನ್ನು ಎಳೆದುಕೊಂಡು ಹೋದಮೇಲೆ ಖಾಲಿಯಾದ ಅಟ್ಟದಲ್ಲಿ ಈ ಅಧಿಕಾರಿ ಜೇಬಿನಿಂದ ಚೂರಿ ತೆಗೆದು ಒರೆಸುತ್ತಾನೆ, ಆಗ ಪರದೆ. ಅಲ್ಲಿಯತನಕ ಯಾರಿಗೂ ಸುಳಿವು ಸಿಗಬಾರದು. ತಾಲೀಮಿನಲ್ಲಿ ಆ ದೃಶ್ಯ ಬಂದಾಗ ಬಾಗಿಲು ಹಾಕಿಸುತ್ತಿದ್ದ.

ಪಾರ್ಟು ಹಂಚುವಾಗ ಒಂದು ತಮಾಷೆ ನಡೆಯಿತು. ನಮ್ಮ ಕಡೆ ಪಾರ್ಟು ಮಾಡುವವನೇ ನಾಟಕದ ಖರ್ಚು ಹಾಕುವುದು ಪದ್ಧತಿ. ಹಾಗೆ ಖರ್ಚು ಹಾಕುವವರೆಲ್ಲ ಬಿಳಿಯರಾಗಲು ಮುಂದೆ ಬಿದ್ದರು. ಎರಡನೇ ಸಾಹೇಬನ ಪಾರ್ಟು ಮಲ್ಲೇಶನ ಪಾಲಿಗೆ ಬಂತು. ಕೆಳಗಿನ ಅಟ್ಟಕ್ಕೆ ಒಬ್ಬ ಗಿರಾಕಿಯೂ ಇಲ್ಲ. ಬಾಳುವಿನ ಪಾರ್ಟಿಗೆ ಬಿಟ್ಟಿಯಾಗಿ ಬಾ ಎಂದರೂ ಯಾರೂ ಬರಲಿಲ್ಲ. ಕೊನೆಗೆ ಮಲ್ಲೇಶನೇ, "ನಮ್ಮ ಡ್ರೈವರ್ ಓಬಳೇಶ ಅದಾನ, ಕಳಸ್ತೀನಿ ತಗೊಳ್ರಿ," ಎಂದು ಲಾರಿಯಿಂದ ಇಳಿಸಿ ಕಳಿಸಿದ. ಓಬಳೇಶ ಹಿಂದೆಂದೂ ಬಣ್ಣ ಹಚ್ಚಿದವನಲ್ಲ. ಆದರೆ ಮೊದಲನೇ ದಿನವೇ ಏಣಿಯ ಬುಡದಲ್ಲಿ ನಿಂತು "ಚಹಾ ತಂದೀನ್ರಿ ಸಾಬ್ರೇ" ಎಂದಾಗ ಸುಮಧ್ವನಿಗೆ ರೋಮಾಂಚನವಾಯಿತು.

ಆಟ ಶುರುವಾಯಿತು. ಕಾಲುವೆ ಆಫೀಸಿನ ಹಲಗೆ ಕಟ್ಟಿ ಎತ್ತರಿಸಿದ ಮೇಲಿನ ಅಟ್ಟದಲ್ಲಿ ಗುಲಾಬಿ ಬಣ್ಣದ ಇಂಗ್ಲಿಷರು, ಕೆಳಗೆ ಬನಿಯನ್ನಿನ ನಾವಿಕರು. ಉಗ್ರಾಣದ ಸಾಹೇಬ ಸತ್ತ. ಕ್ಯಾಪ್ಟನ್ ಭಾರ್ಗವ್ ಒಬ್ಬೊಬ್ಬರನ್ನೇ ಕರೆದು ವಿಚಾರಣೆ ಶುರುಮಾಡಿದ. ಜನ ಉಸಿರು ಬಿಗಿಹಿಡಿದು ಕೂತರು. ಕಡಲೆಕಾಯಿ ಬಿಡಿಸುವ ಸದ್ದೂ ನಿಂತಿತ್ತು. ಪಕ್ಕದ ಪರದೆಯ ಸಂದಿಯಿಂದ ನೋಡಿದರೆ ಕಾಕಾ ಕೋಲಿನ ಮೇಲೆ ಗದ್ದ ಊರಿ ಮುಂದಕ್ಕೆ ಬಾಗಿದ್ದರು. ಸುಮಧ್ವನಿಗೆ ಸ್ವರ್ಗ ಮೂರೇ ಗೇಣು.

ಆಗಲೇ ಹಾರ್ಮೋನಿಯಂ ನಿಂತಿತು. ಮೆಟ್ರಿಯ ಸಂಗಮ್ಮ, ಮಲ್ಲೇಶನ ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ ರಂಗದ ಮೆಟ್ಟಿಲು ಹತ್ತುತ್ತಿದ್ದಳು. ಕೈಯಲ್ಲಿ ಶಾಲು, ಉಂಗುರದ ಡಬ್ಬಿ. ಹಿಂದೆ ಮಗಳು, ಮಲ್ಲೇಶನ ಹೆಂಡತಿ ಸುನಿತಾ ಹಾರ ಹಿಡಿದು ಬಂದಳು. ಆಟದ ನಡುವೆ ಪಾರ್ಟಿನವರಿಗೆ ನಂಟರು ಹತ್ತಿಬಂದು ಉಡುಗೊರೆಯ ಆಯೇರಿ ಮಾಡುವುದು ಇಲ್ಲಿನ ವಾಡಿಕೆ. ಅದನ್ನು ಆಟ ಮುಗಿದಮೇಲೆ ಇಟ್ಟುಕೊಳ್ಳೋಣ ಎಂದು ಸುಮಧ್ವ ಅಂಗಲಾಚಿದ್ದ. "ಆಯೇರಿ ಇಲ್ದಿದ್ರ ಅದ್ಯಾವ ನಾಟಕರೀ," ಎಂದು ಮೈಕಿನ ಅಂಜಿನಯ್ಯ ನಕ್ಕುಬಿಟ್ಟಿದ್ದ.

ವಿಚಾರಣೆ ನಿಂತಿತು. ಕ್ಯಾಪ್ಟನ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಸತ್ತ ಸಾಹೇಬ ಕೂಡ ಒಂದು ಕಣ್ಣು ತೆರೆದು ಉಂಗುರ ಎಷ್ಟು ದಪ್ಪ ಇದೆ ಎಂದು ನೋಡಿದ. ಅಂಜಿನಯ್ಯ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ.

"ಮೆಟ್ರಿ ಗ್ರಾಮದ ಸಂಗಮ್ಮನವರು ತಮ್ಮ ಅಳಿಯಂದಿರಾದ ಮಲ್ಲೇಶ್ ಅವರಿಗೆ ಒಂದು ಶಾಲು, ಒಂದು ಬಂಗಾರದ ಉಂಗುರ ಆಯೇರಿ ಮಾಡತಾರ. ಯಾವ ಪಾರ್ಟು ಅಂತ ಹೇಳ್ಲೆವ್ವಾ?"

ಪಾರ್ಟಿನ ಹೆಸರು ಹೇಳದೆ ಆಯೇರಿ ಪೂರ್ತಿಯಾಗುವುದಿಲ್ಲ. ಸಂಗಮ್ಮ ಮೈಕಿನ ಹತ್ತಿರ ಬಾಗಿ, ಊರಿಗೆಲ್ಲ ಕೇಳುವಂತೆ, ತುಂಬು ಅಭಿಮಾನದಿಂದ ಹೇಳಿದಳು: "ಖೂನಿ ಮಾಡಿದ ಸಾಹೇಬನ ಪಾರ್ಟು."

"ಖೂನಿ ಮಾಡಿದ ಸಾಹೇಬನ ಪಾರ್ಟಿಗಾಗಿ," ಎಂದು ಅಂಜಿನಯ್ಯ ರಾಗವಾಗಿ ಕೂಗಿದ.

ಸಭಾಭವನದ ಹಿಂದಿನ ಸಾಲಿನಿಂದ ನಗು ಎದ್ದದ್ದು ಮುಂದಿನವರೆಗೂ ಉರುಳಿಕೊಂಡು ಬಂತು. ಸುಮಧ್ವ ಹಗ್ಗ ಹಿಡಿದುಕೊಂಡೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಇಷ್ಟು ದಿನ ಜೋಪಾನ ಮಾಡಿದ ಗುಟ್ಟು ಮೈಕಿನಲ್ಲಿ ಸಾರಿಹೋಗಿತ್ತು. ಅವನಿಗೆ ಅಳುವೇ ಬಂತು.

ಮಲ್ಲೇಶ್ ಹಾರದ ಸಮೇತ ಪರದೆಯ ಹಿಂದೆ ಓಡಿಬಂದ. "ನಾ ಯಾರಿಗೂ ಹೇಳಿಲ್ಲರೀ. ಸುನಿತಾ ಒಬ್ಬಾಕಿಗೆ ಹೇಳೀನಿ. ಇಷ್ಟು ಖರ್ಚು ಮಾಡಿ ಬರೇ ಎರಡನೇ ಸಾಹೇಬನ ಪಾರ್ಟಾ ಅಂತ ನಕ್ಕಳು. ಅದಕ್ಕ, ನಾನಾ ಕೊಲ್ಲಾಂವ ಅಂದೆ."

"ಆತು ಬಿಡ್ರಿ. ಪರದೆ ಇಳಿಸ್ತೀನಿ. ಇನ್ನೇನು ಉಳದದ?" ಎಂದ ಸುಮಧ್ವ.

"ಯಾಕ್ರೀ? ಜನ ಕುಂತಾರಲ್ಲ," ಎಂದು ಓಬಳೇಶ ಚಹಾದ ತಟ್ಟೆ ಎತ್ತಿಕೊಂಡು ರಂಗಕ್ಕೆ ನಡೆದೇಬಿಟ್ಟ. ಹಿಂದೆಯೇ ಮಲ್ಲೇಶನೂ ಹೋದ.

ಜನ ಕೂತದ್ದಷ್ಟೇ ಅಲ್ಲ, ಕುರ್ಚಿ ಮುಂದಕ್ಕೆ ಎಳೆದುಕೊಂಡಿದ್ದರು. ಕ್ಯಾಪ್ಟನ್ ಗಂಭೀರವಾಗಿ "ಕೊಲೆಗಾರ ಯಾರಿರಬಹುದು?" ಎಂದ. "ನಿನ್ನ ಬಾಜೂಕ ಕುಂತಾನ, ಹೊಳ್ಳಿ ನೋಡಪಾ," ಎಂದಿತು ಒಂದು ಗಂಟಲು. ಮಲ್ಲೇಶ್ ಸತ್ತವನಿಗಾಗಿ ಕಣ್ಣೀರು ಒರೆಸಿಕೊಂಡರೆ ಹೆಂಗಸರೆಲ್ಲ ಥೂ ಅಂದರು. ಅವನು ಬಾಳುವಿನ ಹೆಗಲ ಮೇಲೆ ಕೈಯಿಟ್ಟು "ನಿನ್ನನ್ನು ನಾನು ನಂಬುತ್ತೇನೆ" ಎಂದಾಗಲಂತೂ ಒಬ್ಬ ಮುದುಕಿ ಎದ್ದು ನಿಂತು, "ಯವ್ವಾ, ಅವನ ಹತ್ರ ಹೋಗಬ್ಯಾಡ ನನ ಕಂದಾ," ಎಂದು ಕೈಮುಗಿದಳು. ಗುಟ್ಟು ತಿಳಿದಮೇಲೆ ಜನ ನೋಡುತ್ತಿರುವುದು ಇನ್ನು ಬಾಳು ಒಬ್ಬನನ್ನೇ ಎಂದು ಸುಮಧ್ವನಿಗೆ ನಿಧಾನಕ್ಕೆ ಹೊಳೆಯಿತು. ಅವನು ಎದ್ದು ನಿಂತು ಮತ್ತೆ ಹಗ್ಗ ಬಿಗಿಹಿಡಿದ.

ಕೊನೆಯ ದೃಶ್ಯ ಬಂತು. ಕ್ಯಾಪ್ಟನ್ ತೀರ್ಪು ಓದಿದ. ಮೇಲಿನ ಅಟ್ಟ ಹತ್ತಿದ ಕರಿಯ ಇವನೊಬ್ಬನೇ, ಆದ್ದರಿಂದ ಕೊಲೆಗಾರ ಇವನೇ. ಇಬ್ಬರು ಬಂದು ಓಬಳೇಶನ ಕೈಗೆ ಸರಪಳಿ ಸುತ್ತಿದರು. ಇಡೀ ಸಭಾಭವನ ಎದ್ದು ನಿಂತಿತು.

"ಬಿಡ್ರಿ ಅವನ್ನ. ಏನೂ ಮಾಡಿಲ್ಲ ಅಂವ," ಎಂದು ಎಲ್ಲ ಸಾಲಿನಿಂದಲೂ ಕೂಗು ಎದ್ದಿತು.

ಭಾರ್ಗವ್ ಗಾಬರಿಯಾಗಿ ಪರದೆಯ ಕಡೆ ನೋಡಿದ. ಸುಮಧ್ವ ಕೊಟ್ಟ ಮಾತು ನೆನೆದು, ಕರಕೊಂಡು ಹೋಗ್ರಿ ಎಂದು ಕೈಸನ್ನೆ ಮಾಡಿದ. ಇಬ್ಬರೂ ಸರಪಳಿ ಎಳೆದರು. ಗದ್ದಲದ ನಡುವೆ ಸಂಗಮ್ಮ ಎದ್ದಳು. ಅವಳ ದನಿ ಮೈಕಿಲ್ಲದೆಯೂ ಕೇಳಿಸಿತು.

"ಅಳಿಯಂದ್ರೇ, ಒಪ್ಕೊಂಡುಬಿಡ್ರಿ. ನಾಳೆ ನಾ ಮೆಟ್ರಿಯಾಗ ಮುಖ ಎತ್ತಿ ತಿರುಗಬೇಕು."

ಮಲ್ಲೇಶ್ ಅತ್ತೆಯನ್ನು ನೋಡಿದ. ಮುಖದ ಬಣ್ಣ ಬೆವರಿಗೆ ಕರಗಿ ಕಾಲರಿಗೆ ಇಳಿಯುತ್ತಿತ್ತು. ಏಣಿಯ ಬುಡದಲ್ಲಿ ಅವನದೇ ಲಾರಿಯ ಡ್ರೈವರು ತಲೆತಗ್ಗಿಸಿ ನಿಂತಿದ್ದ. ಒಮ್ಮೆಯೂ ಇವನ ಕಡೆ ತಿರುಗಿ ನೋಡಲಿಲ್ಲ. ಮಲ್ಲೇಶ್ ಟೋಪಿ ತೆಗೆದ. ತಾಲೀಮಿನಲ್ಲಿ ಇಲ್ಲದ ಹೆಜ್ಜೆಯಿಟ್ಟು ಏಣಿ ಇಳಿದ. ಆಟ ಶುರುವಾದಾಗಿನಿಂದ ಬಿಳಿಯರಲ್ಲಿ ಯಾರೂ ಕೆಳಗಿನ ಅಟ್ಟಕ್ಕೆ ಇಳಿದಿರಲಿಲ್ಲ.

"ಬಿಡ್ರಿ ಅವನ್ನ," ಎಂದ, ಸಾಹೇಬನ ಪುಸ್ತಕದ ಕನ್ನಡ ಬಿಟ್ಟು ತನ್ನದೇ ಕನ್ನಡದಲ್ಲಿ. "ಕೊಂದಾಂವ ನಾನು." ತಾನೇ ಸರಪಳಿ ಬಿಚ್ಚತೊಡಗಿದ. ಕೊಂಡಿ ಬೇಗ ಬಿಡಲಿಲ್ಲ.

ಸಿಳ್ಳೆ, ಚಪ್ಪಾಳೆ. ಸುಮಧ್ವ ಕಾಕಾ ಕೂತಿದ್ದ ಕಡೆ ನೋಡಿದ. ಕುರ್ಚಿ ಖಾಲಿ. ಕೋಲು ನೆಲಕ್ಕೆ ಬಿದ್ದಿತ್ತು. ಅಂದಂತೆಯೇ ಎದ್ದು ಹೋದರು ಅಂದುಕೊಂಡ. ಅರವತ್ತು ವರ್ಷ ಜೀವಕ್ಕೆ ಅಂಟಿಸಿಕೊಂಡದ್ದನ್ನು ನನ್ನ ಕೈಗೆ ಕೊಟ್ಟಿದ್ದರು, ಹಾಳು ಮಾಡಿಬಿಟ್ಟೆ ಎಂದು ಹಳಹಳಿಸಿದ.

ಆಮೇಲೆ ಕಂಡರು. ರಂಗದ ಕೆಳಗೇ, ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದರು. ಎಲ್ಲರ ಚಪ್ಪಾಳೆ ನಿಂತಮೇಲೂ ಅವರೊಬ್ಬರ ದನಿ ಉಳಿದಿತ್ತು. "ಬಿಡ್ರಲೇ ಅವನ್ನ, ಬಿಡ್ರಲೇ," ಎನ್ನುತ್ತಲೇ ಇದ್ದರು.

ಸರಪಳಿ ಕೆಳಗೆ ಬಿತ್ತು. ಓಬಳೇಶ ಮಣಿಕಟ್ಟು ಉಜ್ಜಿಕೊಳ್ಳುತ್ತ ನಿಂತ. ಬಿಡುಗಡೆಯಾದ ಬಾಳುವಿಗೆ ಯಾರೂ ಮಾತು ಬರೆದಿರಲಿಲ್ಲ. ಮುಂದೇನು ಎಂಬಂತೆ ಅವನು ಪರದೆಯ ಕಡೆ ನೋಡಿದ.

"ಮನಿಗೆ ಹೋಗಪಾ," ಎಂದರು ಕಾಕಾ, ಕೆಳಗಿನಿಂದ. "ಇಳದು ಮನಿಗೆ ಹೋಗು."

ಓಬಳೇಶ ಅವರನ್ನೇ ನೋಡಿದ. ತಲೆಯಾಡಿಸಿದ. ರಂಗದ ಮುಂದಿನ ಮೆಟ್ಟಿಲು ಇಳಿದು, ಬನಿಯನ್ನಿನಲ್ಲೇ, ಬರಿಗಾಲಲ್ಲೇ, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆಯತೊಡಗಿದ. ಜನ ಮಕ್ಕಳನ್ನು ಎಳೆದುಕೊಂಡು ದಾರಿ ಬಿಟ್ಟರು. ಯಾರೋ ಬಾಗಿಲು ತೆರೆದರು. ಸಂಜೆಯ ಬಿಸಿಲು ಒಳಗೆ ಬಿತ್ತು. ಅವನು ಹೊಸಿಲು ದಾಟಿ ಕಾಲುವೆ ದಂಡೆಯ ಕಡೆ ಹೊರಳಿದ. ಎಲ್ಲರೂ ರಂಗಕ್ಕೆ ಬೆನ್ನು ಮಾಡಿ ಅವನನ್ನೇ ನೋಡುತ್ತಿದ್ದರು. ಮೇಲಿನ ಅಟ್ಟದ ಸಾಹೇಬರೂ ಕಟಕಟೆಯ ಮೇಲೆ ಬಗ್ಗಿ ಕತ್ತು ಚಾಚಿದ್ದರು. ಸುಮಧ್ವ ಹಗ್ಗ ಹಿಡಿದೇ ನಿಂತಿದ್ದ, ಪರದೆ ಇಳಿಸಲಿಲ್ಲ.