ಗುಟ್ಟಿನ ಚಿತ್ರ

ನಮ್ಮ ಶಾಲೆಯ ಡ್ರಾಯಿಂಗ್ ಕೋಣೆ ಮೊದಲು ಮುರಿದ ಬೆಂಚುಗಳ ಗೋದಾಮಾಗಿತ್ತು. ಈಗಲೂ ಅರ್ಧ ಗೋದಾಮೇ. ಒಂದು ಮೂಲೆಯಲ್ಲಿ ಕಾಲಿಲ್ಲದ ಬೆಂಚುಗಳು, ಉಳಿದ ಕಡೆಯೆಲ್ಲ ಕಾಲು ನಿಲ್ಲದ ಎರಡನೇ ತರಗತಿಯ ಮಕ್ಕಳು. ಮೊಮ್ಮಗಳನ್ನು ಬಿಡಲು ಹೋದವಳು ನಾನು ಒಂದು ದಿನ ಅಲ್ಲಿನ ನಲ್ಲಿಯ ಪಕ್ಕದಲ್ಲಿ ಒಣಗಿ ಸೆಟೆದುಕೊಂಡಿದ್ದ ಬ್ರಷ್‌ಗಳನ್ನು ನೋಡಲಾರದೆ ತೊಳೆದುಕೊಟ್ಟೆ. ಅವತ್ತಿನಿಂದ ಪ್ರತಿ ಬುಧವಾರ ತೊಳೆಯುತ್ತಲೇ ಇದ್ದೇನೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ಎಂದು ನನ್ನ ಮಗ ನಗುತ್ತಾನೆ.

ಡ್ರಾಯಿಂಗ್ ಮಿಸ್ ಚಿಕ್ಕ ಹುಡುಗಿ. ತಲೆಗೂದಲಲ್ಲಿ ಸದಾ ಒಂದಲ್ಲ ಒಂದು ಬಣ್ಣ. ಯಾವುದಾದರೂ ಮಗು ಬಣ್ಣದ ನೀರು ಚೆಲ್ಲಿ ಬಿಕ್ಕಲು ಶುರುಮಾಡಿದರೆ, ಅವಳು ತನ್ನ ಲೋಟವನ್ನೂ ಮೊಣಕೈಯಿಂದ ತಳ್ಳಿ, "ಅಯ್ಯೋ, ನಾನೂ ಚೆಲ್ಲಿಬಿಟ್ನಲ್ಲಪ್ಪಾ! ಬಾ, ಇಬ್ರೂ ಒರೆಸೋಣ" ಎನ್ನುತ್ತಿದ್ದಳು. ಚಿತ್ರ ಬರೆಯುವಾಗ ನಾಲಿಗೆ ಹೊರಗೆ ಬಂದರೆ ಒಳಗೆ ಎಳೆದುಕೋ ಎಂದು ಯಾರಿಗೂ ಹೇಳುತ್ತಿರಲಿಲ್ಲ. "ನಾಲಿಗೆ ಆಚೆ ಬಂತು ಅಂದ್ರೆ ಮನಸ್ಸು ಒಳಗೆ ಹೋಯ್ತು ಅಂತ ಲೆಕ್ಕ" ಎನ್ನುವುದು ಅವಳ ಸಿದ್ಧಾಂತ.

ಮೇಜುಗಳ ಮೇಲೆ ಹಾಸಲು ಹಳೆಯ ದಿನಪತ್ರಿಕೆಗಳು ಹೆಡ್‌ಮಾಸ್ಟರ ಆಫೀಸಿನಿಂದ ಬರುತ್ತಿದ್ದವು. ಅವುಗಳಲ್ಲೊಂದು ವಿಚಿತ್ರವಿತ್ತು. ಪತ್ರಿಕೆಯಲ್ಲಿ ಎಲ್ಲಿ ಮುಖ ಕಂಡರೂ ಅದಕ್ಕೊಂದು ಹಸಿರು ಮೀಸೆ! ಮಂತ್ರಿಗೆ ಮೀಸೆ, ಮದುಮಗಳಿಗೆ ಮೀಸೆ, ಕೊನೆಗೆ ಪ್ರದರ್ಶನದಲ್ಲಿ ಬಹುಮಾನ ಗೆದ್ದ ಹಸುವಿಗೂ ಮೀಸೆ. ಯಾರೋ ಬೇಜಾರಾದವರು ಗೀಚಿದ್ದಾರೆ ಎಂದುಕೊಂಡು ಹಾಸುತ್ತಿದ್ದೆವು. ಹಸಿರು ಇಂಕಿನ ಪೆನ್ನು ಇಡೀ ಶಾಲೆಯಲ್ಲಿ ಒಬ್ಬರೇ ಒಬ್ಬರ ಜೇಬಿನಲ್ಲಿ ಮಾತ್ರ ಇದೆ ಎಂದು ನಾವು ಯೋಚಿಸಲೇ ಇಲ್ಲ. ದೊಡ್ಡವರ ಮೇಲೆ ಅನುಮಾನ ಪಡುವಷ್ಟು ಬುದ್ಧಿ ನಮಗಿರಲಿಲ್ಲ.

ಒಂದು ಬುಧವಾರ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ, ನೆಲ ಒದ್ದೆಯಾಗಿತ್ತು.

"ಮಿಸ್, ಮುಂದಿನ ತಿಂಗಳಿಂದ ಈ ಪೀರಿಯಡ್ ಗಣಿತಕ್ಕೆ ಕೊಡೋಣ ಅಂತಿದೀನಿ."

"ಸಾರ್, ಮಕ್ಕಳಿಗೆ ಇದೊಂದೇ..."

"ಇದೊಂದೇ ಏನು? ಬಣ್ಣ ಬಳ್ಕೊಂಡು ಮನೆಗೆ ಹೋಗೋದಾ? ಗೀಚೋದನ್ನ ಯಾರಾದ್ರೂ ಕಲಿಸ್ಬೇಕಾ? ಶನಿವಾರ ಅಪ್ಪ-ಅಮ್ಮಂದಿರ ಸಭೆ ಇದೆ. ಏನು ಕಲಿಸಿದೀರಿ ಅಂತ ಅವರಿಗೇ ತೋರಿಸಿ. ಅವರು ಬೇಕು ಅಂದ್ರೆ ಇರ್ಲಿ. ಬೇಡ ಅಂದ್ರೆ ನೀವು ಬೇರೆ ಶಾಲೆ ನೋಡ್ಕೊಬೇಕಾಗತ್ತೆ."

ಅವರು ಹೋದ ಮೇಲೆ ಮಿಸ್ ಕಪಾಟು ತೆಗೆದಳು. ತೋರಿಸಲು ಏನಿದೆ ಎಂದು ಇಬ್ಬರೂ ಹುಡುಕಿದೆವು. ಜೇಡಿಮಣ್ಣಿನ ಆನೆಗಳ ಸೊಂಡಿಲು ಬಿದ್ದು ಹಂದಿಗಳಾಗಿದ್ದವು. ಆಲೂಗಡ್ಡೆ ಕೊರೆದು ಮಾಡಿದ ಅಚ್ಚುಗಳಲ್ಲಿ ಕೆಲವನ್ನು ಕಲಾವಿದರೇ ಹಸಿಯಾಗಿ ತಿಂದಿದ್ದರು. ಕಾಗದ ನೆನೆಸಿ ಬಲೂನಿನ ಮೇಲೆ ಮೆತ್ತಿ ಮಾಡಿದ ಮುಖವಾಡಗಳು ಗಾಳಿ ಹೋಗಿ ಕುಸಿದು, ಸಾಲ ಕೇಳಲು ಬಂದ ಸಂಬಂಧಿಕರ ಹಾಗೆ ಕೂತಿದ್ದವು.

"ಅಜ್ಜೀ," ಎಂದಳು ಮಿಸ್, ನಂತರ ಮೂಗು ಒರೆಸಿಕೊಂಡು, "ಮೇಣದಬತ್ತಿ ಇದೆಯಾ ಮನೇಲಿ?"

ಮರುದಿನ ವಿಶೇಷ ತರಗತಿ. ಮಿಸ್ ಬಿಳಿ ಹಾಳೆಯ ಮೇಲೆ ಬಿಳಿ ಮೇಣದಬತ್ತಿಯಿಂದ ಏನೋ ಎಳೆದಳು. ಏನೂ ಕಾಣಲಿಲ್ಲ. ಆಮೇಲೆ ತೆಳ್ಳಗಿನ ನೀಲಿ ಬಣ್ಣವನ್ನು ಹಾಳೆಯ ತುಂಬ ಬಳಿದಳು. ನೀಲಿಯೊಳಗಿಂದ ಬಿಳಿ ಮೀನೊಂದು ಈಜಿಕೊಂಡು ಬಂತು. ಮಕ್ಕಳ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಮೇಣ ನೀರನ್ನ ಹತ್ರ ಸೇರಿಸಲ್ಲ. ಅದಕ್ಕೇ ಬಣ್ಣ ಅಲ್ಲಿ ಹತ್ತಲ್ಲ. ಇದಕ್ಕೆ ಗುಟ್ಟಿನ ಚಿತ್ರ ಅಂತಾರೆ. ಈಗ ಎಲ್ಲರೂ ಒಂದೊಂದು ಗುಟ್ಟಿನ ಚಿತ್ರ ಬರೀರಿ. ಯಾರಿಗೂ ಹೇಳ್ಬಾರ್ದು! ಶನಿವಾರ ನಿಮ್ಮಪ್ಪ ಅಮ್ಮನೇ ಬಣ್ಣ ಬಳೀಲಿ, ಗುಟ್ಟು ಆಚೆ ಬರ್ಲಿ."

ನನ್ನ ಮೊಮ್ಮಗಳು ಕೈ ಎತ್ತಿದಳು. "ಮಿಸ್, ಎಷ್ಟು ಗುಟ್ಟು ಬರೀಬೋದು?"

"ಒಂದು ಹಾಳೆಗೆ ಒಂದೇ ಪುಟ್ಟಾ."

ಅವಳು ಯೋಚನೆಗೆ ಬಿದ್ದಳು. ಇಡೀ ತರಗತಿಯೇ ಯೋಚನೆಗೆ ಬಿತ್ತು. ಆಮೇಲೆ ಎಲ್ಲರೂ ಎಡಗೈ ಅಡ್ಡ ಹಿಡಿದು, ನಾಲಿಗೆ ಹೊರಗೆ ಹಾಕಿ, ಪಿಟ್ಟೆನ್ನದೆ ಬರೆದರು. ಆ ನಿಶ್ಶಬ್ದಕ್ಕೆ ನಾವಿಬ್ಬರೂ ಹಿಗ್ಗಿದೆವು. ಎರಡನೇ ತರಗತಿ ಅಷ್ಟು ಮೌನವಾಗಿದ್ದರೆ ಏನೋ ಎಡವಟ್ಟಾಗಿದೆ ಎಂದರ್ಥ ಎನ್ನುವುದು ಯಾವ ತರ್ಕಶಾಸ್ತ್ರದ ಪುಸ್ತಕದಲ್ಲೂ ಇಲ್ಲ.

ಶನಿವಾರ ಕೋಣೆ ತುಂಬಿತು. ಮೇಜಿನ ಮೇಲೆ ಸಾಲಾಗಿ ಬಿಳಿ ಹಾಳೆಗಳು, ಪಕ್ಕದಲ್ಲಿ ನೀಲಿ ಬಣ್ಣದ ಬಟ್ಟಲುಗಳು. ಹೆಡ್‌ಮಾಸ್ಟರು ಹುಬ್ಬೇರಿಸಿದರು.

"ಖಾಲಿ ಹಾಳೆ! ವರ್ಷವಿಡೀ ಕಲಿಸಿದ್ದು ಇದೇನಾ?"

"ಬಳಿದು ನೋಡ್ಲಿ ಸಾರ್," ಎಂದಳು ಮಿಸ್.

ಮೊದಲು ಬ್ರಷ್ ಹಿಡಿದದ್ದು ಹಲ್ಲಿನ ಡಾಕ್ಟರಮ್ಮ. ಸಿಹಿ ತಿನ್ನಬೇಡಿ ಎಂದು ಊರಿನ ಮಕ್ಕಳನ್ನೆಲ್ಲ ಹೆದರಿಸಿಟ್ಟವರು. ಅವರ ಮಗನ ಹಾಳೆಯ ಮೇಲೆ ನೀಲಿ ಹರಿಯಿತು. ಒಂದು ಬಟ್ಟೆ ಕಪಾಟು ಕಂಡಿತು. ಕಪಾಟಿನ ಒಳಗೆ ಸೀರೆಗಳ ಕೆಳಗೆ ಕೂತ ಒಬ್ಬ ಹೆಂಗಸು. ಕೈಯಲ್ಲಿ ಚಾಕೊಲೇಟು. ಮೇಲೆ ದಪ್ಪ ಅಕ್ಷರದಲ್ಲಿ "ಅಮ್ಮ".

"ಇದೇನೋ ಇದು!" ಎಂದರು ಡಾಕ್ಟರಮ್ಮ.

"ಗುಟ್ಟು," ಎಂದ ಮಗ, ಹೆಮ್ಮೆಯಿಂದ.

ಮಿಸ್ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಇಬ್ಬರಿಗೂ ಒಟ್ಟಿಗೆ ಅರ್ಥವಾಯಿತು. ಆದರೆ ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಬ್ರಷ್ ಇತ್ತು.

ಬೇಕರಿಯವರ ಮಗಳ ಹಾಳೆಯಲ್ಲಿ ಅವಳಪ್ಪ ಎದುರಿನ ಬೇಕರಿಯಿಂದ ಬ್ರೆಡ್ಡನ್ನು ಅಂಗಿಯೊಳಗೆ ಮುಚ್ಚಿಕೊಂಡು ಮನೆಗೆ ತರುತ್ತಿದ್ದರು. ಗಣಿತದ ಮೇಷ್ಟ್ರ ಮಗನೂ ಅದೇ ತರಗತಿ. ಅವನ ಹಾಳೆಯಲ್ಲಿ ಮೇಷ್ಟ್ರು ಮೇಜಿನ ಕೆಳಗೆ ಕೈ ಇಟ್ಟುಕೊಂಡು ಬೆರಳು ಮಡಚಿ ಎಣಿಸುತ್ತಿದ್ದರು. ಹುಡುಗ ಕೈಗಳನ್ನು ದೊಡ್ಡದಾಗಿ, ಒಂದೊಂದು ಬೆರಳೂ ತಪ್ಪದಂತೆ ಬರೆದಿದ್ದ. ಬಣ್ಣ ಬಯಲಾಯಿತು ಎಂದು ಜೀವನವಿಡೀ ಹೇಳುತ್ತ ಬಂದವಳು ನಾನು. ಬಣ್ಣ ಬಳಿದರೆ ಮನುಷ್ಯರು ಬಯಲಾಗುವುದನ್ನು ಅವತ್ತೇ ಕಂಡದ್ದು.

ಕೆಲವರು ನಗುತ್ತಿದ್ದರು, ಕೆಲವರು ಹಾಳೆ ಮಡಚಿ ಚೀಲಕ್ಕೆ ತುರುಕುತ್ತಿದ್ದರು. ಹೆಡ್‌ಮಾಸ್ಟರಿಗೆ ಮಾತ್ರ ಪರಮಾನಂದ. "ನೋಡಿದ್ರಾ ಮಿಸ್? ಇದಕ್ಕೇ ನಾನು ಹೇಳಿದ್ದು!" ಎನ್ನುತ್ತ ಉಳಿದಿದ್ದ ಒಂದು ಹಾಳೆಯತ್ತ ಬಂದರು. "ಇದ್ಯಾರದ್ದು?"

"ನಂದು ಸಾರ್," ಎಂದಳು ನನ್ನ ಮೊಮ್ಮಗಳು. "ಆದ್ರೆ ಅದು ಅಜ್ಜಿ ಬಳಿಯಕ್ಕೆ ಇಟ್ಟಿರೋದು."

"ಯಾಕೆ, ನಂಗೆ ಬಳಿಯಕ್ಕೆ ಬರಲ್ವಾ?"

"ಬರತ್ತೆ ಸಾರ್. ಅದಕ್ಕೇ ಬೇಡ."

ಅವರು ಬ್ರಷ್ ಅದ್ದಿ ಈ ತುದಿಯಿಂದ ಆ ತುದಿಗೆ ಎಳೆದೇಬಿಟ್ಟರು. ಮೊದಲು ಒಂದು ಬೋಳುತಲೆ, ಅದರ ಸುತ್ತ ಸೂರ್ಯನಿಗೆ ಬರೆಯುವಂಥ ಕಿರಣಗಳು. ಆಮೇಲೆ ಮೇಜು, ಪತ್ರಿಕೆ, ಕೈಯಲ್ಲಿ ಪೆನ್ನು. ಪತ್ರಿಕೆಯ ತುಂಬ ಮುಖಗಳು, ಒಂದೊಂದಕ್ಕೂ ಮೀಸೆ. ಬೋಳುತಲೆಯವರ ಬಾಯಿಯ ಮೂಲೆಯಿಂದ ಉದ್ದನೆಯ ನಾಲಿಗೆ ಹೊರಗೆ ಬಂದಿತ್ತು. ಕೆಳಗೆ, "ಊಟದ ಬೆಲ್ ಆದಮೇಲೆ ಹೆಡ್‌ಮಾಸ್ಟರ್".

ಎಲ್ಲರ ಕಣ್ಣೂ ಅವರ ಜೇಬಿಗೆ ಹೋಯಿತು. ಹಸಿರು ಇಂಕಿನ ಪೆನ್ನು ಇಣುಕುತ್ತಿತ್ತು. ಆಮೇಲೆ ಎಲ್ಲರ ಕಣ್ಣೂ ಮೇಜಿನ ಮೇಲೆ ಹಾಸಿದ್ದ ಪತ್ರಿಕೆಗಳಿಗೆ ಇಳಿಯಿತು. ಗಣಿತದ ಮೇಷ್ಟ್ರು ಕೆಮ್ಮಿದರು, ಅದು ಕೆಮ್ಮಲ್ಲ.

"ನಾನು ಯಾರ್ಗೂ ಹೇಳಿಲ್ಲ ಸಾರ್," ಎಂದಳು ಮೊಮ್ಮಗಳು. ಗಲ್ಲ ನಡುಗತೊಡಗಿತ್ತು. "ಬರೆದೆ ಅಷ್ಟೇ."

ಆಗ ಡ್ರಾಯಿಂಗ್ ಮಿಸ್ ಮುಂದೆ ಬಂದಳು. ಕೆಲಸ ಹೇಗೂ ಹೋಯಿತು ಎಂದುಕೊಂಡಿದ್ದಳೋ ಏನೋ. "ಸಾರ್, ಆ ಮೀಸೆ ಎಲ್ಲ ನಾನು ಬರೆದಿದ್ದು. ಪಾಪ, ಮಗು ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದೆ."

ಲೋಟ ತಳ್ಳುವ ಅದೇ ಮೊಣಕೈ, ಎಂದುಕೊಂಡೆ ನಾನು.

"ಇಲ್ಲ ಮಿಸ್, ಸಾರೇ!" ಎಂದು ಮೊಮ್ಮಗಳು ಅವಳ ಉಪಕಾರವನ್ನು ನೀರಿಗೆ ಹಾಕಿದಳು.

ಹೆಡ್‌ಮಾಸ್ಟರು ಚಿತ್ರವನ್ನೇ ನೋಡುತ್ತ ನಿಂತಿದ್ದರು. "ಸುಳ್ಳು ಹೇಳೋದು ನಿಮ್ಮಿಂದ ಆಗಲ್ಲ ಬಿಡಿ ಮಿಸ್," ಎಂದರು. ಮತ್ತೆ ಬಗ್ಗಿ ನೋಡಿದರು. "ನಾಲಿಗೆ ಇಷ್ಟು ಉದ್ದ ಬರತ್ತಾ?"

"ಹಸುಗೆ ಬರೆಯೋವಾಗ ಇನ್ನೂ ಉದ್ದ ಇತ್ತು ಸಾರ್."

"ಹಸುದು ಕಷ್ಟ ಕಣಮ್ಮಾ," ಎಂದರು ಅವರು, ಎಲ್ಲರನ್ನೂ ಮರೆತವರಂತೆ. "ಮೂಗು ಅಡ್ಡ ಬರತ್ತೆ. ಮೀಸೆ ಕೂರೋದೇ ಇಲ್ಲ."

"ಮೂಗಿನ ಕೆಳಗೆ ಇಡ್ಬಾರ್ದು ಸಾರ್. ಮೂಗಿನ ಎರಡೂ ಪಕ್ಕದಿಂದ ಆಚೆಗೆ ಎಳೀಬೇಕು. ಮಿಸ್ಸೇ ಹೇಳ್ಕೊಟ್ಟಿದ್ದು, ಬೆಕ್ಕಿಗೆ."

ಮೊದಲು ನಕ್ಕದ್ದು ಡಾಕ್ಟರಮ್ಮ. ಆಮೇಲೆ ಯಾರು ನಗಲಿಲ್ಲ ಎಂದು ಹುಡುಕಬೇಕಾಯಿತು. ನಗು ಇಳಿದ ಮೇಲೆ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, "ಈಗ ನೀವು ಹೇಳಿ. ಈ ಪೀರಿಯಡ್ ಬೇಕಾ, ಬೇಡ್ವಾ?" ಎಂದರು.

"ಬೇಕೇ ಬೇಕು ಸಾರ್," ಎಂದರು ಡಾಕ್ಟರಮ್ಮ. "ಇಲ್ಲಿ ಹಾಳೆ ಕೊಡ್ಲಿಲ್ಲ ಅಂದ್ರೆ ಇವು ಗೋಡೆ ಮೇಲೆ ಬರೀತಾವೆ. ಮೇಣದಬತ್ತಿ ಒಂದು ಕೊಡ್ಬೇಡಿ."

"ಗಣಿತಕ್ಕೆ ಈಗಿರೋ ಪೀರಿಯಡ್ಡೇ ಸಾಕು," ಎಂದರು ಗಣಿತದ ಮೇಷ್ಟ್ರು, ಕೈ ಎರಡೂ ಜೇಬಿನಲ್ಲಿಟ್ಟುಕೊಂಡು.

ಮನೆಗೆ ಹೋಗುವಾಗ ನಾನು ಮೊಮ್ಮಗಳನ್ನು ಮೆಲ್ಲಗೆ ಕೇಳಿದೆ. "ನನ್ನ ಗುಟ್ಟೂ ಏನಾದ್ರೂ ಗೊತ್ತೇನೇ ನಿಂಗೆ?"

"ಒಂದು ಹಾಳೆಗೆ ಒಂದೇ ಅಂದ್ರಲ್ಲ ಅಜ್ಜಿ, ಮಿಸ್ಸು," ಎಂದು ನಿಟ್ಟುಸಿರು ಬಿಟ್ಟಳು.

ಬುಧವಾರ ಆಫೀಸಿನಿಂದ ಪತ್ರಿಕೆಗಳ ಕಟ್ಟು ಬಂತು. ಮೇಜಿಗೆ ಹಾಸುತ್ತಿದ್ದ ಮಿಸ್ ಒಂದು ಹಾಳೆಯನ್ನು ಬೆಳಕಿಗೆ ಹಿಡಿದಳು. ಯಾವುದೋ ಪ್ರದರ್ಶನದ ಎಮ್ಮೆ. ಮೂಗಿನ ಎರಡೂ ಪಕ್ಕದಿಂದ ಹೊರಗೆ ಎಳೆದ ಭರ್ಜರಿ ಮೀಸೆ, ತುದಿ ಮೇಲಕ್ಕೆ ತಿರುಗಿತ್ತು. ಮಿಸ್ ಅದನ್ನು ಹಾಸಲಿಲ್ಲ. ನಾಲ್ಕು ಮೂಲೆಗೂ ಅಂಟು ಹಚ್ಚಿ, ಮಕ್ಕಳ ಚಿತ್ರಗಳ ಸಾಲಿನಲ್ಲಿ, ಹೆಸರಿಲ್ಲದೆ ಗೋಡೆಗೆ ಅಂಟಿಸಿದಳು. ಆಮೇಲೆ ಪತ್ರಿಕೆಗಳು ಬಂದಿದ್ದ ಖಾಲಿ ಚೀಲದೊಳಗೆ ಕ್ರೇಯಾನ್ ಕಡ್ಡಿಗಳ ಒಂದು ಡಬ್ಬಿ ಹಾಕಿ, ಹೆಡ್‌ಮಾಸ್ಟರ ಆಫೀಸಿಗೆ ಕಳಿಸಿಕೊಟ್ಟಳು.