ಮೊರದ ಆಚೆ ಈಚೆ

ಜಯನಗರ ನಾಲ್ಕನೇ ಬ್ಲಾಕಿನ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ ಉದ್ದನೆಯ ಹಾಲ್ ಇತ್ತು. ಬೆಳಿಗ್ಗೆ ಅಲ್ಲಿ ಹೊಲಿಗೆ ಕ್ಲಾಸು, ಸಂಜೆ ರಾಮಪ್ರಸಾದರ ಡ್ಯಾನ್ಸ್ ಕ್ಲಾಸು. ಆಗ ಎಪ್ಪತ್ತೊಂಬತ್ತನೇ ಇಸವಿ. ಹಾಲನ್ನು ಗುಡಿಸಿ ಒರೆಸುವ ಕೆಲಸ ಅರೆಕೆರೆಯ ಸಪ್ಪಲಮ್ಮನದು.

ರಾಮಪ್ರಸಾದರು ಹನ್ನೊಂದು ವರ್ಷ ಹಡಗಿನಲ್ಲಿ ದುಡಿದು, ಎಡ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಊರಿಗೆ ಬಂದವರು. ಅರ್ಜೆಂಟೀನಾ ದೇಶದಲ್ಲಿ ಹಡಗು ರಿಪೇರಿಗೆಂದು ತಿಂಗಳುಗಟ್ಟಲೆ ನಿಂತಿದ್ದಾಗ ಗಂಡು ಹೆಣ್ಣು ಎದೆಗೆದೆ ಕೊಟ್ಟು ಕುಣಿಯುವ ಅಲ್ಲಿಯವರ ಟ್ಯಾಂಗೋ ಕಲಿತಿದ್ದರು. ಹೋಟೆಲುಗಳಲ್ಲಿ ಕತ್ತು ಕೊಂಕಿಸಿ ಕುಣಿಯುವುದು ಬೇರೆ, ಈ ಅರ್ಜೆಂಟೀನಾ ಟ್ಯಾಂಗೋ ಬೇರೆ ಎಂದು ಬಂದವರಿಗೆಲ್ಲ ಹೇಳುವರು. ಕೆಳಗೆ ಕೂತಿರುತ್ತಿದ್ದ ವಾಚ್‌ಮನ್ ಮುನಿಯಣ್ಣನ ಕಿವಿಗೆ ಅದು ಅರ್ಜೆಂಟ್ ಟ್ಯಾಂಗೋ ಎಂದು ಬಿದ್ದಿತ್ತು. ಒಮ್ಮೆ ಮೇಲೆ ಬಂದು ಇಣುಕಿದವನು, ಇದೆಂಥ ಅರ್ಜೆಂಟು, ಇದಕ್ಕಿಂತ ಬನ್ನೇರುಘಟ್ಟದ ಬಸ್ಸೇ ವಾಸಿ ಎಂದು ಇಳಿದುಹೋದ.

ಕ್ಲಾಸಿಗೆ ಬರುತ್ತಿದ್ದವರು ಎಂಟು ಜನ, ಎಂಟೂ ಗಂಡಸರು. ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಒಂದು ಸಂಜೆ ಸಪ್ಪಲಮ್ಮ ಬಗ್ಗಿ ನೆಲ ಒರೆಸುತ್ತ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದಳು. ಸಾಲಾಗಿ ಇಟ್ಟಿದ್ದ ಕುರ್ಚಿಗಳ ನಡುವೆ ಒಂದಕ್ಕೂ ತಾಗದೆ ಬಂದದ್ದನ್ನು ರಾಮಪ್ರಸಾದರು ನೋಡಿದರು. ಹಿಂದೆ ನೋಡದೆ ಹೇಗೆ ನಡೆಯುತ್ತೀಯ ಎಂದು ಕೇಳಿದರು.

"ನಾಟಿ ಹಾಕೋರು ಹಿಂದಕ್ಕೇ ಅಲ್ವಾ ಸಾರ್ ಓಗದು? ಕಾಲ್ಬೆರಳೇ ನೋಡ್ಕೊಂತದೆ."

ಅರೆಕೆರೆಯ ಏರಿ ಕೆಳಗಿನ ಗದ್ದೆಗಳಲ್ಲಿ ಅವಳು ಹತ್ತನೇ ವಯಸ್ಸಿನಿಂದ ಪೈರು ನೆಟ್ಟವಳು. ಕೆಸರಿನಲ್ಲಿ ಮೊದಲು ಬೆರಳು ಹಿಂದೆ ಹೋಗಬೇಕು, ನೆಲ ಸಿಕ್ಕಿತು ಅಂದಮೇಲೆ ಭಾರ ಬಿಡಬೇಕು. ಎರಡು ಕಾಲಿಗೂ ಭಾರ ಹಂಚಿಕೊಂಡು ನಿಂತವರು ಹೂತುಹೋಗುತ್ತಾರೆ. ಇದೇ ಮಾತನ್ನು ರಾಮಪ್ರಸಾದರು ಆ ಎಂಟು ಜನಕ್ಕೆ ಎರಡು ತಿಂಗಳಿಂದ ಹೇಳಿ ಹೇಳಿ ಸೋತಿದ್ದರು.

ಬಂದು ಎದುರಿಗೆ ನಿಲ್ಲು ಅಂದರು. ಪರಗಂಡಸು ಮುಟ್ಟುವ ಕೆಲಸ ತನ್ನಿಂದಾಗದು ಎಂದಳು. ಅವರು ಬಿಡಲಿಲ್ಲ. ಕೊನೆಗೆ ಅವಳು ಮೂಲೆಗೆ ಹೋಗಿ, ಅವತ್ತೇ ಮನೆಗೆಂದು ಕೊಂಡಿದ್ದ ಹೊಸ ಮೊರ ತಂದು ಇಬ್ಬರ ಎದೆಗಳ ನಡುವೆ ಅಡ್ಡ ಹಿಡಿದಳು. ಹುಡುಗರು ನಕ್ಕರು. ರಾಮಪ್ರಸಾದರೂ ನಕ್ಕು, ಆಮೇಲೆ ನಗು ನಿಲ್ಲಿಸಿ ಮೊರವನ್ನೇ ನೋಡಿದರು.

"ಕೈಯಿಂದ ನೂಕೋದಿಲ್ಲ ನಾನು. ನನ್ನ ಎದೆ ಮುಂದೆ ಬಂದ್ರೆ ನೀನು ಹಿಂದೆ. ಎದೆ ತಿರುಗಿದ್ರೆ ನೀನು ಸುತ್ತ. ಮೊರ ಬೀಳಬಾರ್ದು, ಮುರೀಲೂಬಾರ್ದು. ಅಷ್ಟೇ ಟ್ಯಾಂಗೋ."

ಮೊರ ಬೀಳಲಿಲ್ಲ. ಅವರು ಹೆಜ್ಜೆ ಎತ್ತುವ ಮೊದಲೇ ಬಿದಿರು ಸಣ್ಣಗೆ ಒತ್ತಿ ಸುದ್ದಿ ಹೇಳುತ್ತಿತ್ತು, ಅವಳ ಬೆರಳು ಹಿಂದೆ ಸರಿಯುತ್ತಿತ್ತು. ಸುತ್ತುವ ಹೆಜ್ಜೆಯೂ ಅವಳಿಗೆ ಕಷ್ಟವೆನಿಸಲಿಲ್ಲ. ಒಂದು ಮುಂದೆ, ಒಂದು ಪಕ್ಕಕ್ಕೆ, ಒಂದು ಹಿಂದೆ, ಮತ್ತೆ ಪಕ್ಕಕ್ಕೆ. ಕಣದ ನಡುವೆ ಮೇಟಿಕಂಬ ನೆಟ್ಟು ಅದರ ಸುತ್ತ ಎತ್ತು ತುಳಿಸುವ ಹಾಗೆ. ಗಂಡಸು ಮೇಟಿ, ಹೆಂಗಸು ಎತ್ತು. ಮೇಟಿ ಅಲ್ಲಾಡಬಾರದು ಎಂದು ರಾಮಪ್ರಸಾದರು ಹುಡುಗರಿಗೆ ಪಾಠ ಹೇಳುವರು.

ಆದರೆ ಅವರೇ ಅಲ್ಲಾಡುತ್ತಿದ್ದರು. ಅರ್ಧ ಸುತ್ತು ಆಗುತ್ತಲೇ ಎಡ ಮೊಣಕಾಲು ಸೋತು ಮೈ ವಾಲುತ್ತಿತ್ತು. ಅದು ಅವರಿಗೆ ಗೊತ್ತಾಗುತ್ತಿರಲಿಲ್ಲ, ನೋಡುವವರಿಗೂ ಗೊತ್ತಾಗುತ್ತಿರಲಿಲ್ಲ. ಮೊರದ ಅಂಚು ಪಕ್ಕೆಗೆ ಒತ್ತಿದ ಕೂಡಲೇ ಸಪ್ಪಲಮ್ಮನಿಗೆ ತಿಳಿಯುತ್ತಿತ್ತು. ಹಿಂದಿನ ಹೆಜ್ಜೆಯನ್ನು ಒಂದು ಗೇಣು ಉದ್ದ ಇಟ್ಟು, ಮೊರದಿಂದಲೇ ಅವರನ್ನು ನೆಟ್ಟಗೆ ಮಾಡಿಬಿಡುವಳು. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅಂತಲೂ ಅನ್ನಿಸಿರಲಿಲ್ಲ.

ಬರುವ ಡಿಸೆಂಬರಿನಲ್ಲಿ ಬಡಾವಣೆಯ ಕ್ಲಬ್ಬಿನ ವಾರ್ಷಿಕೋತ್ಸವ ಇತ್ತು. ಎಲ್ಲರ ಎದುರಿಗೆ ರಾಮಪ್ರಸಾದರು, "ಸ್ಟೇಜ್ ಮೇಲೆ ನನ್ನ ಜೊತೆ ಸಪ್ಪಲಮ್ಮನೇ. ಆದ್ರೆ ಅಲ್ಲಿ ಮೊರ ಇರಲ್ಲ, ಯೋಚನೆ ಮಾಡು" ಎಂದರು.

ಮನೆಯಲ್ಲಿ ಮೂರು ದಿನ ಅದೇ ಮಾತು. ಗಂಡ ಮಾರಯ್ಯನ ಜೊತೆ ಜಗಳವಾಯಿತು, ಒಲೆ ಹೊತ್ತಿಸದೆ ಕೂತದ್ದಾಯಿತು, ಕೊನೆಗೆ ಅವನು ಏನಾದರೂ ಮಾಡಿಕೋ ಎಂದ. ಎಷ್ಟು ಗದ್ದೆ ನೆಟ್ಟಿದ್ದಳೋ ಲೆಕ್ಕವಿಲ್ಲ. ಕಾಲು ಎತ್ತಿದ ಕೂಡಲೇ ನೀರು ಬಂದು ಹೆಜ್ಜೆ ಮುಚ್ಚಿಬಿಡುತ್ತಿತ್ತು. ಒಂದು ಸಲವಾದರೂ ದೀಪದ ಬೆಳಕಿನಲ್ಲಿ ತನ್ನ ಹೆಜ್ಜೆಯನ್ನು ನಾಲ್ಕು ಜನ ನೋಡಲಿ ಎನ್ನುವುದು ಅವಳ ಆಸೆ. ನಾಲ್ಕನೇ ದಿನ ಆಗಲಿ ಸಾರ್ ಎಂದಳು.

ನವೆಂಬರಿನಲ್ಲಿ ಎಂಟನೇ ಬ್ಲಾಕಿನ ಇಂಜಿನಿಯರೊಬ್ಬರ ಮಗಳು ಕ್ಲಾಸಿಗೆ ಸೇರಿದಳು. ಒಳ್ಳೆಯ ಹುಡುಗಿ, ಸಪ್ಪಲಮ್ಮನನ್ನು ಅಕ್ಕ ಎಂದು ಕರೆಯುತ್ತಿದ್ದಳು. ಎರಡು ವಾರವಾದ ಮೇಲೆ ರಾಮಪ್ರಸಾದರು ಸಪ್ಪಲಮ್ಮನನ್ನು ಕಿಟಕಿಯ ಹತ್ತಿರ ಕರೆದು, ಕ್ಲಬ್ಬಿನವರು ಒಪ್ಪುವುದಿಲ್ಲ, ನೋಡುವವರು ಏನಂದಾರು, ನೀನೇ ಆ ಹುಡುಗಿಗೆ ಎಲ್ಲ ಹೇಳಿಕೊಡು, ಹೇಗೂ ನೀನು ದೊಡ್ಡ ಮನಸ್ಸಿನವಳು ಎಂದರು. ಕ್ಲಬ್ಬಿನವರನ್ನು ಅವರು ಕೇಳಿಯೇ ಇಲ್ಲ ಎಂದು ಆಮೇಲೆ ಮುನಿಯಣ್ಣ ಹೇಳಿದ.

ಸಪ್ಪಲಮ್ಮ ಹೇಳಿಕೊಟ್ಟಳು. ಅರೆಬರೆಯಾಗಿ ಅಲ್ಲ, ಸರಿಯಾಗಿಯೇ ಹೇಳಿಕೊಟ್ಟಳು. ಬೆರಳು, ಭಾರ, ಮೊರದ ಒತ್ತು, ನಾಲ್ಕು ಹೆಜ್ಜೆಯ ಸುತ್ತು, ಎಲ್ಲ. ಮೇಟಿ ವಾಲುತ್ತದೆ ಎನ್ನುವುದೊಂದನ್ನು ಬಿಟ್ಟು. ಮೇಷ್ಟರ ಮರ್ಯಾದೆ ಕಳೆಯುವ ಮಾತನ್ನು ಶಿಷ್ಯಳಿಗೆ ಹೇಗೆ ಹೇಳುವುದು?

ಕೊನೆಯ ಪ್ರ್ಯಾಕ್ಟೀಸಿನ ಸಂಜೆ ರೆಕಾರ್ಡು ಹಾಕಿದರು. ನೇರ ನಡಿಗೆ ಚೆನ್ನಾಗಿತ್ತು. ಸುತ್ತು ಬಂತು, ರಾಮಪ್ರಸಾದರು ವಾಲಿದರು, ಹುಡುಗಿ ವಾಲಿದ ಕಡೆಗೇ ಹೋಗಿ ಕಾಲು ಸಿಕ್ಕಿ ಬಿದ್ದಳು. ಮತ್ತೆ ಹಾಕಿದರು, ಮತ್ತೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು.

"ಅವಳ ತಪ್ಪಿಲ್ಲ ಬಿಡಿ," ಎಂದರು ರಾಮಪ್ರಸಾದರು, ಎಲ್ಲರಿಗೂ ಕೇಳುವಂತೆ. "ಕಸ ಗುಡಿಸೋರ ಹತ್ರ ಕಲ್ತ್ರೆ ಹೀಗೇ ಆಗೋದು."

ಸಪ್ಪಲಮ್ಮ ಬಾಗಿಲ ಹತ್ತಿರ ಬಕೆಟ್ ಹಿಡಿದು ನಿಂತಿದ್ದಳು. ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು, ಸೆರಗು ಸಿಕ್ಕಿಸಿ ಹಾಲಿನ ನಡುವೆ ಬಂದಳು.

"ನನ್ ಜೊತೆ ಒಂದ್ಸಲ ಆಡಿ ಸಾರ್. ನಾ ಕಲ್ಸಿದ್ದು ತಪ್ಪಾದ್ರೆ ಎಲ್ಲಾರೂ ನೋಡ್ಲಿ."

ರಾಮಪ್ರಸಾದರು ಬಂದು ಎದುರಿಗೆ ನಿಂತರು. ಒಬ್ಬ ಹುಡುಗ ಮೊರ ತಂದು ಕೊಟ್ಟ. ಅವಳು ಅದನ್ನು ಕಿಟಕಿಗೆ ಒರಗಿಸಿ ಬಂದಳು.

ಅವರ ಕೈ ಮೊದಲ ಸಲ ಅವಳ ಬೆನ್ನಿನ ಮೇಲೆ ಬಂತು. ಹಗುರವಾಗಿತ್ತು. ಎದೆ ಮುಂದೆ ಬಂತು, ಅವಳ ಬೆರಳು ಹಿಂದೆ ಹೋಯಿತು. ಆರೇಳು ಹೆಜ್ಜೆ ಇಬ್ಬರೂ ಒಬ್ಬರೇ ಎನ್ನುವಂತೆ ನಡೆದರು. ಆಮೇಲೆ ಸುತ್ತು ಬಂತು. ಮೊಣಕಾಲು ಸೋತಿತು, ಮೈ ವಾಲಿತು. ಉದ್ದ ಹೆಜ್ಜೆ ಇಡಲು ಸಪ್ಪಲಮ್ಮನ ಕಾಲು ತಾನಾಗಿಯೇ ಹೊರಟಿತ್ತು, ಅವಳು ಅದನ್ನು ತಡೆದಳು. ಅವರ ಎದೆ ಎಲ್ಲಿಗೆ ಹೇಳಿತೋ ಅಲ್ಲಿಗಷ್ಟೇ ಹೋದಳು. ಸುತ್ತು ಸೊಟ್ಟಗಾಯಿತು, ಇನ್ನೂ ಸೊಟ್ಟಗಾಯಿತು. ರಾಮಪ್ರಸಾದರು ತಮ್ಮ ಕಾಲನ್ನೇ ತಾವು ತುಳಿದು ಕುರ್ಚಿಗಳ ಮೇಲೆ ಕುಸಿದರು. ರೆಕಾರ್ಡು ಮಾತ್ರ ತಿರುಗುತ್ತಿತ್ತು.

"ಏನು ಮಾಡ್ದೆ ನೀನು?"

"ನೀವೇಳಿದ್ದಷ್ಟೇ ಮಾಡ್ದೆ ಸಾರ್. ಅದ್ರ ಮ್ಯಾಲೆ ನಂದೂಂತ ಒಂದೆಜ್ಜೇನೂ ಆಕ್ನಿಲ್ಲ."

ಇಷ್ಟು ತಿಂಗಳು ತಮ್ಮನ್ನು ಬೀಳದಂತೆ ನಿಲ್ಲಿಸಿಕೊಂಡಿದ್ದವರು ಯಾರು ಎಂದು ಅವರಿಗೆ ಆಗ ತಿಳಿಯಿತು. ಮುಖದಲ್ಲೇ ಕಾಣಿಸಿತು. ಆದರೆ ಎಂಟು ಹುಡುಗರೂ ಆ ಹುಡುಗಿಯೂ ನೋಡುತ್ತ ನಿಂತಿದ್ದರು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು.

ಸಪ್ಪಲಮ್ಮ ಮೊರ ತೆಗೆದುಕೊಂಡು ಮೆಟ್ಟಿಲು ಇಳಿದಳು. ಕೆಳಗೆ ಮುನಿಯಣ್ಣ, "ಏನಕ್ಕ, ಅರ್ಜೆಂಟು ಇವತ್ತು ಬೇಗ ಮುಗೀತು?" ಎಂದ. ಅವಳು ನಿಲ್ಲಲಿಲ್ಲ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮೊರವಿಲ್ಲದೆ ಆಡಿದ್ದು ಅದೊಂದೇ ಸಲ. ಅದನ್ನೂ ತಾನೇ ಕೈಯಾರೆ ಕೆಡಿಸಿ ಬಂದಿದ್ದಳು.

ಬಸ್ ಸ್ಟಾಪಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಇವಳನ್ನು ಮೊರ ಮಾರುವವಳು ಎಂದುಕೊಂಡು ಹತ್ತಿರ ಬಂದಳು. ಕೊಡಮ್ಮ ನೋಡೋಣ ಎಂದು ಇಸಿದುಕೊಂಡು ಬೆಳಕಿಗೆ ಎತ್ತಿ ಹಿಡಿದಳು. ಶರಟಿನ ಗುಂಡಿಗಳು ಒತ್ತಿ ಒತ್ತಿ ನಡುವೆ ಬಿದಿರು ಸವೆದು, ಸಾಲಾಗಿ ಮೂರು ತೂತು ಬಿದ್ದಿದ್ದವು.

"ಇದ್ರಾಗೆ ಅಕ್ಕಿ ನಿಲ್ಲಾಕಿಲ್ಲ ಕಣಕ್ಕ," ಎಂದು ಸಪ್ಪಲಮ್ಮ ಮೊರವನ್ನು ವಾಪಸ್ಸು ತೆಗೆದುಕೊಂಡಳು.